ಟೋಕಿಯೊಗೆ ಇಬ್ಬರೇ: ಮೊದಲ ಪ್ರವಾಸ ಮುನಿಸಿಲ್ಲದೆ ಮುಗಿಸುವುದು ಹೇಗೆ?

ಇಬ್ಬರ ಬಳಿಯೂ ಪಾಸ್‌ಪೋರ್ಟ್ ಇದೆ, ಒಂದು ವಾರ ರಜೆ ಸಿಕ್ಕಿದೆ, ಹೋಗುವುದು ಟೋಕಿಯೊಗೇ ಎಂದು ತೀರ್ಮಾನವೂ ಆಗಿದೆ. ಟೋಕಿಯೊ ಕಷ್ಟದ ಊರಲ್ಲ. ರೈಲು ಹೇಳಿದ ಹೊತ್ತಿಗೆ ಬರುತ್ತದೆ, ನಲ್ಲಿ ನೀರನ್ನು ಹಾಗೇ ಕುಡಿಯಬಹುದು, ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ನಡೆದು ಬರುವುದಕ್ಕೂ ಅಂಜಬೇಕಿಲ್ಲ. ಆದರೆ ಊರು ವಿಪರೀತ ದೊಡ್ಡದು. ಜೋಡಿಗಳು ಮುಖ ತಿರುಗಿಸಿಕೊಳ್ಳುವುದು ಸಾಮಾನ್ಯವಾಗಿ ಸಂಜೆ ಆರರ ಹೊತ್ತಿಗೆ, ಇನ್ನೂರಕ್ಕೂ ಹೆಚ್ಚು ದ್ವಾರಗಳಿರುವ ಶಿಂಜುಕು ನಿಲ್ದಾಣದೊಳಗೆ, ಹೊಟ್ಟೆ ಹಸಿದು ಕಾಲು ಸೋತಾಗ. ಈ ಲೇಖನದ ಹಂತಗಳೆಲ್ಲ ಆ ಗಳಿಗೆಯನ್ನು ತಪ್ಪಿಸುವುದಕ್ಕೇ.

1. ತಿಂಗಳು ಗೊತ್ತುಮಾಡಿ

ಎಲ್ಲರ ಕಣ್ಣೂ ಮಾರ್ಚ್ ಕೊನೆಯ ಚೆರ್ರಿ ಹೂವಿನ ಮೇಲೆ. ಹೂವು ಚಂದ ನಿಜ, ಆದರೆ ಹೋಟೆಲ್ ದರವೂ ಆಗ ಮರದ ತುದಿಗೇರಿರುತ್ತದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಗೋಲ್ಡನ್ ವೀಕ್, ಆಗಸ್ಟ್ ಮಧ್ಯದ ಓಬೊನ್ ಹಬ್ಬ, ಹೊಸ ವರ್ಷದ ರಜೆ, ಈ ಮೂರರಲ್ಲಿ ಇಡೀ ಜಪಾನೇ ಪ್ರಯಾಣಕ್ಕೆ ಹೊರಟಿರುತ್ತದೆ. ಜೂನ್‌ನಿಂದ ಜುಲೈ ನಡುವಿನವರೆಗೆ ಮಳೆ. ಆಗಸ್ಟ್‌ನ ಸೆಕೆಗೆ ಮಂಗಳೂರಿನವರೂ ಬೆವರು ಒರೆಸಿಕೊಂಡು ಶರಣೆನ್ನಬೇಕು.

ನನ್ನ ಆಯ್ಕೆ ನವೆಂಬರ್ ಕೊನೆ. ಮೇಜಿ ಜಿಂಗು ಗೈಎನ್ ಉದ್ಯಾನದ ಗಿಂಕ್ಗೊ ಮರಗಳ ಸಾಲು ಅಷ್ಟೂ ಹಳದಿಯಾಗಿರುತ್ತದೆ, ಒಂದು ಸ್ವೆಟರ್ ಇದ್ದರೆ ದಿನವಿಡೀ ನಡೆಯಬಹುದು. ಡಿಸೆಂಬರ್ 24ಕ್ಕೆ ಹೋಗುವವರಿಗೆ ಒಂದು ಎಚ್ಚರಿಕೆ: ಅಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿ ಮನೆಮಂದಿಯ ಹಬ್ಬಕ್ಕಿಂತ ಹೆಚ್ಚಾಗಿ ಪ್ರೇಮಿಗಳ ರಾತ್ರಿ. ಬೀದಿಯ ದೀಪಾಲಂಕಾರ ಪುಕ್ಕಟೆ, ಆದರೆ ಒಳ್ಳೆಯ ರೆಸ್ಟೊರೆಂಟಿನ ಮೇಜು ಬಹಳ ಮೊದಲೇ ಹೋಗಿರುತ್ತದೆ.

2. ವೀಸಾ, ಟಿಕೆಟ್

ಭಾರತೀಯರಿಗೆ ಪ್ರವಾಸಿ ಇ-ವೀಸಾ ಸಿಗುತ್ತದೆ, ಅರ್ಜಿ ಹೋಗುವುದು ವಿಎಫ್‌ಎಸ್ ಕೇಂದ್ರದ ಮೂಲಕ. ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್, ಯಾವ ದಿನ ಎಲ್ಲಿರುತ್ತೀರಿ ಎಂಬ ಪಟ್ಟಿ ಬೇಕು. ಗಂಡ-ಹೆಂಡತಿಯಾಗಿರಲೇಬೇಕು ಎಂಬ ನಿಯಮವಿಲ್ಲ, ಪ್ರತಿಯೊಬ್ಬರದೂ ಬೇರೆ ಅರ್ಜಿ. ಮದುವೆಯಾಗದ ಜೋಡಿ ತಮ್ಮ ತಮ್ಮ ಖರ್ಚು ತಾವೇ ನೋಡಿಕೊಳ್ಳುವುದಾಗಿ ತೋರಿಸಿದರೆ ಕಾಗದದ ಕೆಲಸ ಹಗುರವಾಗುತ್ತದೆ. ಒಬ್ಬರ ಖರ್ಚು ಇನ್ನೊಬ್ಬರು ಹೊರುವುದಾದರೆ ವಿವರಣೆ ಕೊಡಬೇಕಾಗುತ್ತದೆ.

ಇ-ವೀಸಾವನ್ನು ಅಲ್ಲಿಳಿದ ಮೇಲೆ ಇಂಟರ್‌ನೆಟ್ ಹಾಕಿಕೊಂಡು ಫೋನಿನ ಪರದೆಯಲ್ಲೇ ತೆರೆದು ತೋರಿಸಬೇಕು, ಪ್ರಿಂಟ್ ಅಥವಾ ಸ್ಕ್ರೀನ್‌ಶಾಟ್ ನಡೆಯುವುದಿಲ್ಲ. ಹಾಗಾಗಿ ಇ-ಸಿಮ್ ಇಬ್ಬರ ಫೋನಿನಲ್ಲೂ ಇರಲಿ. 'ವಿಸಿಟ್ ಜಪಾನ್ ವೆಬ್' ತಾಣದಲ್ಲಿ ವಿವರ ತುಂಬಿ ಕ್ಯೂಆರ್ ಕೋಡ್ ಪಡೆದುಕೊಂಡರೆ ವಲಸೆ, ಕಸ್ಟಮ್ಸ್ ಎರಡೂ ಬೇಗ ಮುಗಿಯುತ್ತವೆ.

ಬೆಂಗಳೂರಿನಿಂದ ಟೋಕಿಯೊದ ನರಿತಾ ವಿಮಾನ ನಿಲ್ದಾಣಕ್ಕೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಬ್ಯಾಗಿಗೆ ಚಟ್ನಿಪುಡಿ ಹಾಕಿಕೊಳ್ಳಿ. ಕರಿಬೇವು, ಹಸಿಮೆಣಸಿನಕಾಯಿ, ಹಣ್ಣು, ಯಾವ ರೂಪದ ಮಾಂಸವೂ ಬೇಡ. ಸ್ಯೂಡೋಎಫೆಡ್ರಿನ್ ಇರುವ ಶೀತದ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಮನೆಯಲ್ಲೇ ಇರಲಿ, ಈ ವಿಷಯದಲ್ಲಿ ಜಪಾನಿನ ಕಾನೂನು ಬಿಗಿ. ಕರೆಂಟು 100 ವೋಲ್ಟ್, ಪ್ಲಗ್ಗಿಗೆ ಎರಡು ಚಪ್ಪಟೆ ಕಡ್ಡಿ. ಅಡಾಪ್ಟರ್ ಒಯ್ಯಿರಿ, ಹೇರ್ ಡ್ರೈಯರ್ ಬಿಟ್ಟುಹೋಗಿ.

3. ಕೋಣೆ ಆರಿಸುವಾಗ ಹಾಸಿಗೆಯ ಅಗಲ ನೋಡಿ

ಜೋಡಿಗಳು ಎಡವುವುದು ಇಲ್ಲಿಯೇ. ಬುಕಿಂಗ್ ತಾಣದಲ್ಲಿ 'ಸೆಮಿ ಡಬಲ್' ಎಂದು ಅಗ್ಗದ ಕೋಣೆ ಕಾಣಿಸುತ್ತದೆ. ಅದರ ಮಂಚ ಸುಮಾರು 120 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ನಾಲ್ಕು ಅಡಿ. ಮೊದಲ ರಾತ್ರಿ ಅದು ಪ್ರೇಮ, ಮೂರನೇ ರಾತ್ರಿಗೆ ಕುತ್ತಿಗೆ ನೋವು. 'ಡಬಲ್' ಅಥವಾ ಎರಡು ಮಂಚದ 'ಟ್ವಿನ್' ತೆಗೆದುಕೊಳ್ಳಿ. ಸಾಧಾರಣ ಹೋಟೆಲಿನ ಕೋಣೆ 12ರಿಂದ 15 ಚದರ ಮೀಟರ್ ಇರುತ್ತದೆ, ಅದರಲ್ಲಿ ಎರಡು ದೊಡ್ಡ ಸೂಟ್‌ಕೇಸುಗಳನ್ನು ಒಟ್ಟಿಗೆ ಬಿಚ್ಚಿಡಲು ಜಾಗವಿರುವುದಿಲ್ಲ. ಇಬ್ಬರಿಗೂ ಸೇರಿ ಒಂದು ದೊಡ್ಡದು, ಒಂದು ಚಿಕ್ಕದು ಸಾಕು.

ಜಪಾನಿನಲ್ಲಿ ಬಾಡಿಗೆ ಬಹಳ ಕಡೆ ತಲೆಲೆಕ್ಕದ್ದು. ಒಬ್ಬರ ಹೆಸರಿನಲ್ಲಿ ಬುಕ್ ಮಾಡಿ ಇಬ್ಬರು ಮಲಗುವ ನಮ್ಮ ಜಾಣತನ ಅಲ್ಲಿ ಬೇಡ. ಕೌಂಟರಿನಲ್ಲಿ ಇಬ್ಬರ ಪಾಸ್‌ಪೋರ್ಟನ್ನೂ ಕೇಳಿ ಪ್ರತಿ ಇಟ್ಟುಕೊಳ್ಳುತ್ತಾರೆ. ಮದುವೆಯಾಗಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ. ನಮ್ಮ ಕೆಲವು ಊರುಗಳ ಲಾಡ್ಜ್ ಮ್ಯಾನೇಜರುಗಳ ಕಣ್ಣೋಟ ಕಂಡವರಿಗೆ ಇದೊಂದೇ ಅರ್ಧ ಪ್ರವಾಸದಷ್ಟು ನಿರಾಳ.

ಎಲ್ಲಿ ಉಳಿಯುವುದು? ಯಮನೋತೆ ಮಾರ್ಗದ ಯಾವುದಾದರೂ ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯೊಳಗೆ. ಎಳೆಹಸಿರು ಪಟ್ಟಿಯ ಈ ರೈಲು 30 ನಿಲ್ದಾಣಗಳನ್ನು ಮುಟ್ಟುತ್ತ ಸುಮಾರು ಒಂದು ಗಂಟೆಯಲ್ಲಿ ನಗರದ ನಡುಭಾಗವನ್ನು ಸುತ್ತುತ್ತದೆ. ಮೊದಲ ಸಲಕ್ಕೆ ನಾನು ಹೇಳುವುದು ಉಎನೊ. ನರಿತಾದಿಂದ ಸ್ಕೈಲೈನರ್ ರೈಲು ಮುಕ್ಕಾಲು ಗಂಟೆಯಲ್ಲಿ ನೇರ ಅಲ್ಲಿಗೇ ಬರುತ್ತದೆ, ಉದ್ಯಾನ ಪಕ್ಕದಲ್ಲೇ ಇದೆ, ದರವೂ ಶಿಂಜುಕು, ಶಿಬುಯಾಗಳಷ್ಟು ಚುರುಕಲ್ಲ.

ಶಿಬುಯಾದ ಡೊಗೆನ್‌ಜಾಕಾ ಕಡೆ ಹೋದರೆ ಬಾಗಿಲಲ್ಲೇ ಎರಡು ದರದ ಫಲಕ ಹಾಕಿರುವ ಲವ್ ಹೋಟೆಲುಗಳು ಕಾಣಿಸುತ್ತವೆ: ಕೆಲವು ಗಂಟೆಯ 'ವಿಶ್ರಾಂತಿ'ಗೆ ಒಂದು, ರಾತ್ರಿ 'ವಾಸ'ಕ್ಕೆ ಇನ್ನೊಂದು. ಕಾನೂನುಬದ್ಧ ವ್ಯವಹಾರ, ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಸೂಟ್‌ಕೇಸು ಇಟ್ಟು ವಾರ ಕಳೆಯುವ ಜಾಗ ಅದಲ್ಲ.

4. ರೈಲು ಹತ್ತುವ ಮುನ್ನ ಮೂರು ಒಪ್ಪಂದ

ವಿಮಾನ ನಿಲ್ದಾಣದಲ್ಲೇ ಸುಯಿಕಾ ಕಾರ್ಡ್ ಮಾಡಿಸಿ, ಐಫೋನ್ ಇದ್ದರೆ ಅದರಲ್ಲೇ ಹಾಕಿಕೊಳ್ಳಬಹುದು. ಪ್ರವಾಸಿಗರಿಗೆಂದೇ 28 ದಿನ ನಡೆಯುವ ವೆಲ್‌ಕಮ್ ಸುಯಿಕಾ ಇದೆ, ಅದಕ್ಕೆ ಠೇವಣಿ ಇಲ್ಲ. ರೈಲು, ಬಸ್ಸು, ಅಂಗಡಿ, ನೀರಿನ ಬಾಟಲಿಯ ಯಂತ್ರ, ಎಲ್ಲಕ್ಕೂ ಅದೇ. ಒಂದೇ ಕಾರ್ಡ್ ತೋರಿಸಿ ಇಬ್ಬರು ಗೇಟು ದಾಟಲು ಬರುವುದಿಲ್ಲ, ತಲೆಗೊಂದು ಕಾರ್ಡ್ ಬೇಕೇ ಬೇಕು. ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ತಾಗಿಸಬೇಕು. ಹಣ ಸಾಲದಿದ್ದರೆ ಗೇಟಿನ ರೆಕ್ಕೆ ಟಪ್ಪನೆ ಮುಚ್ಚಿಕೊಂಡು ಹಿಂದಿನ ಸಾಲು ನಿಂತುಬಿಡುತ್ತದೆ. ಆಗ ಪಕ್ಕಕ್ಕೆ ಸರಿದು, ಅಲ್ಲೇ ಇರುವ ಯಂತ್ರದಲ್ಲಿ ಒಂದು ಸಾವಿರ ಯೆನ್ ತುಂಬಿ ಬನ್ನಿ, ಯಾರೂ ಬೈಯುವುದಿಲ್ಲ. ಬರೀ ಟೋಕಿಯೊ ನೋಡುವವರಿಗೆ ದೇಶವಿಡೀ ರೈಲಿನಲ್ಲಿ ಸುತ್ತಲು ಕೊಡುವ ಜೆಆರ್ ಪಾಸ್ ದಂಡ.

ಈಗ ಒಪ್ಪಂದಗಳು. ಮೊದಲನೆಯದು: ಒಬ್ಬರು ಹತ್ತಿ ಇನ್ನೊಬ್ಬರು ಪ್ಲಾಟ್‌ಫಾರಂನಲ್ಲೇ ಉಳಿದರೆ, ಹತ್ತಿದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲಬೇಕು, ಉಳಿದವರು ಅದರ ಹಿಂದೆಯೇ ಬರುವ ರೈಲಿನಲ್ಲಿ ಬರಬೇಕು. ಇಬ್ಬರೂ ಹುಡುಕಲು ಹೊರಟರೆ ಕೆಟ್ಟಿತು. ಎರಡನೆಯದು: ನಕ್ಷೆ ಒಬ್ಬರ ಕೈಯಲ್ಲಿ. ಬೆಳಿಗ್ಗೆ ನೀವು, ಮಧ್ಯಾಹ್ನದ ಮೇಲೆ ಅವರು. ನಕ್ಷೆ ಹಿಡಿದವರು ತಪ್ಪು ದ್ವಾರದಲ್ಲಿ ಹೊರಬಂದರೂ ಇನ್ನೊಬ್ಬರು ತುಟಿ ಪಿಟಕ್ಕೆನ್ನಬಾರದು. ಗೂಗಲ್ ಮ್ಯಾಪ್ಸ್ ಹೊರದ್ವಾರದ ಸಂಖ್ಯೆಯನ್ನೂ ಹೇಳುತ್ತದೆ, ಆ ಸಂಖ್ಯೆಯ ಫಲಕ ಹಿಡಿದು ನಡೆದರೆ ಶಿಂಜುಕು ಕೂಡ ಪಳಗುತ್ತದೆ. ಮೂರನೆಯದು: ರಾತ್ರಿ ಹನ್ನೆರಡರ ಒಳಗೆ ಮನೆಯ ದಾರಿ. ಹನ್ನೆರಡೂವರೆ ಆಸುಪಾಸಿಗೆ ರೈಲುಗಳು ನಿಂತರೆ ಮತ್ತೆ ಶುರುವಾಗುವುದು ಬೆಳಗಿನ ಜಾವ ಐದಕ್ಕೆ. ನಡುವೆ ಇರುವುದು ದುಬಾರಿ ಟ್ಯಾಕ್ಸಿ.

ಕೆಲವು ಮಾರ್ಗಗಳಲ್ಲಿ ಬೆಳಗಿನ ದಟ್ಟಣೆಯ ಹೊತ್ತಿಗೆ ಮಹಿಳೆಯರಿಗೇ ಮೀಸಲಾದ ಬೋಗಿ ಇರುತ್ತದೆ, ಪ್ಲಾಟ್‌ಫಾರಂ ನೆಲದ ಮೇಲೆ ಗುಲಾಬಿ ಗುರುತು ಇರುತ್ತದೆ. ಜೊತೆಯಲ್ಲಿರುವ ಗಂಡಸು ಅಲ್ಲಿಂದ ಸರಿಯಬೇಕು. ರೈಲಿನೊಳಗೆ ಫೋನ್ ಮಾತು ಇಲ್ಲ, ಪಿಸುಮಾತು ಸಾಕು. ಎಸ್ಕಲೇಟರಿನಲ್ಲಿ ಎಡಕ್ಕೆ ನಿಲ್ಲಿ, ಅಕ್ಕಪಕ್ಕ ಬೇಡ. ಕೈ ಕೈ ಹಿಡಿದು ನಡೆಯುವುದು ಸಹಜ, ನಡುಬೀದಿಯ ಮುತ್ತು ಅಲ್ಲಿ ಅಪರೂಪ.

5. ಹೊಟ್ಟೆಯ ವ್ಯವಸ್ಥೆ

ಮಾಂಸಾಹಾರಿಗಳು ಈ ಪ್ಯಾರಾ ಬಿಟ್ಟು ಮುಂದೆ ಹೋಗಬಹುದು, ಅವರಿಗೆ ಟೋಕಿಯೊ ಸ್ವರ್ಗ. ಸಸ್ಯಾಹಾರಿಗಳು ತಿಳಿಯಬೇಕಾದ ಹೆಸರು 'ದಾಶಿ'. ಒಣಗಿಸಿದ ಬೊನಿಟೊ ಮೀನಿನ ಚಕ್ಕೆಯಿಂದ ತೆಗೆಯುವ ಈ ಸಾರ ಮಿಸೊ ಸೂಪು, ಉದೊನ್ ನೂಡಲ್ಸ್, ಬೇಯಿಸಿದ ತರಕಾರಿ, ಎಲ್ಲದರೊಳಗೂ ಕಾಣದಂತೆ ಕೂತಿರುತ್ತದೆ. 'ಬರೀ ತರಕಾರಿ' ಎಂದು ಕೇಳಿದರೆ ತಂದುಕೊಡುವುದು ಅದನ್ನೇ, ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ಹಾಗಾಗಿ ಮಾಂಸ, ಮೀನು, ಮೀನಿನ ದಾಶಿ ಮೂರೂ ಬೇಡ ಎಂಬ ಸಾಲನ್ನು ಜಪಾನಿ ಲಿಪಿಯಲ್ಲಿ ಫೋನಿನಲ್ಲಿ ಇಟ್ಟುಕೊಂಡು ತೋರಿಸಿ. ಟೋಕಿಯೊ ನಿಲ್ದಾಣದೊಳಗಿನ ಟೀಸ್ ತಾನ್‌ತಾನ್ ಹೋಟೆಲಿನಲ್ಲಿ ಪೂರ್ತಿ ಸಸ್ಯಾಹಾರದ ರಾಮೆನ್, ಅಂದರೆ ಸೂಪಿನ ನೂಡಲ್ಸ್, ಸಿಗುತ್ತದೆ. ಅನ್ನ-ಸಾರು ನೆನಪಾದರೆ ತೊಜೈ ಮಾರ್ಗದಲ್ಲಿ ನಿಶಿ-ಕಸಾಯಿಗೆ ಹೋಗಿ. 2000ದ ಆಸುಪಾಸಿನ ವೈಟುಕೆ ಕಂಪ್ಯೂಟರ್ ಸಮಸ್ಯೆಯ ಕಾಲದಿಂದ ಭಾರತೀಯ ಐಟಿ ಕುಟುಂಬಗಳು ನೆಲೆಸಿರುವ ಪ್ರದೇಶ ಅದು, ಭಾರತೀಯ ಹೋಟೆಲು, ದಿನಸಿ ಅಂಗಡಿ ಎರಡೂ ಇವೆ.

ಸಾಮಾನ್ಯ ರಾಮೆನ್ ಅಂಗಡಿಯಲ್ಲಿ ಮಾಣಿ ಬಂದು ಕೇಳುವುದಿಲ್ಲ. ಬಾಗಿಲ ಬಳಿ ಗುಂಡಿಗಳ ಯಂತ್ರ ನಿಂತಿರುತ್ತದೆ. ಮೊದಲು ನೋಟು ತುರುಕಬೇಕು, ಆಗ ಗುಂಡಿಗಳು ಬೆಳಗುತ್ತವೆ. ಏನೂ ತಿಳಿಯದಿದ್ದರೆ ಎಡಮೇಲಿನದನ್ನು ಒತ್ತಿ, ಅಂಗಡಿಯ ಹೆಸರುವಾಸಿ ತಿನಿಸು ಸಾಮಾನ್ಯವಾಗಿ ಅದೇ. ಬಂದ ಚೀಟಿಯನ್ನು ಕಟ್ಟೆಯ ಮೇಲಿಟ್ಟು ಕೂತರೆ ಬಟ್ಟಲು ಬರುತ್ತದೆ. ತಿಂದು ಎದ್ದುಬಿಡಬೇಕು, ಹರಟೆಗೆ ಆ ಜಾಗವಲ್ಲ. ಹರಟೆಗೆ ಇಝಾಕಾಯಾ ಇದೆ, ಕುಡಿಯುತ್ತ ತಿನ್ನುತ್ತ ಕೂರುವ ಜಾಗ. ಅಲ್ಲಿ ಕೇಳದೆಯೇ ಒಂದು ಪುಟ್ಟ ತಟ್ಟೆ ಬಂದರೆ ಮೋಸ ಎಂದುಕೊಳ್ಳಬೇಡಿ, ಅದು 'ಒತೋಶಿ', ಕೂತದ್ದರ ಬಾಬ್ತು ಬಿಲ್ಲಿಗೆ ಸೇರುತ್ತದೆ. ಟಿಪ್ಸ್ ಎಲ್ಲಿಯೂ ಇಲ್ಲ. ನಗದು ಬೇಕಾದರೆ ಸೆವೆನ್-ಇಲೆವೆನ್ ಅಂಗಡಿಯ ಎಟಿಎಂ ನಮ್ಮ ಅಂತರರಾಷ್ಟ್ರೀಯ ಕಾರ್ಡುಗಳನ್ನು ಒಪ್ಪುತ್ತದೆ.

ಸಂಜೆ ಐದಕ್ಕೇ ಒಂದು ಓನಿಗಿರಿ ಎಂಬ ಅನ್ನದ ಉಂಡೆ ಅಥವಾ ಬಾಳೆಹಣ್ಣು ಬ್ಯಾಗಿನಲ್ಲಿರಲಿ. ಶಿಂಜುಕುವಿನ ಅರ್ಧ ಜಗಳ ಅಲ್ಲಿಗೇ ಮುಗಿಯಿತು.

6. ದಿನಕ್ಕೆ ಎರಡೇ ಜಾಗ

ಬೆಳಿಗ್ಗೆ ಒಂದು ಪ್ರದೇಶ, ಸಂಜೆ ಒಂದು. ಐದಾರು ದಿನದ ಪ್ರವಾಸಕ್ಕೆ ಕ್ಯೋಟೊ, ಒಸಾಕಾ ಸೇರಿಸಲೇಬೇಡಿ, ನೋಡಿದ್ದಕ್ಕಿಂತ ಸೂಟ್‌ಕೇಸು ಎಳೆದದ್ದೇ ಹೆಚ್ಚಾಗುತ್ತದೆ. ಅಸಾಕುಸಾದ ಸೆನ್ಸೊ-ಜಿ ದೇವಾಲಯಕ್ಕೆ ಬೆಳಿಗ್ಗೆ ಏಳಕ್ಕೆ ಹೋದರೆ ಜನವಿರುವುದಿಲ್ಲ. ವಾರಾಂತ್ಯದಲ್ಲಿ ಮೇಜಿ ಜಿಂಗು ಗುಡಿಯ ಅಂಗಳದಲ್ಲಿ ಅರ್ಧ ಗಂಟೆ ನಿಂತರೆ, ಬಿಳಿ ಕಿಮೊನೊದ ಮದುಮಗಳು ಕೆಂಪು ಕೊಡೆಯ ಕೆಳಗೆ ಮೆರವಣಿಗೆಯಲ್ಲಿ ಸಾಗುವುದು ಕಾಣಸಿಗಬಹುದು. ಎತ್ತರದಿಂದ ನಗರ ನೋಡಲು 229 ಮೀಟರಿನ ಶಿಬುಯಾ ಸ್ಕೈ ಇದೆ, ಆದರೆ ಸೂರ್ಯಾಸ್ತದ ಹೊತ್ತಿನ ಟಿಕೆಟ್ ಬೇಗ ಖಾಲಿಯಾಗುತ್ತದೆ. ಸಿಗದಿದ್ದರೆ ಕೊರಗಬೇಡಿ. ಶಿಂಜುಕುವಿನಲ್ಲಿರುವ ಮಹಾನಗರ ಸರ್ಕಾರದ ಕಟ್ಟಡದ 45ನೇ ಮಹಡಿಯ ವೀಕ್ಷಣಾಲಯ ಪುಕ್ಕಟೆ.

ಒಂದು ಇಡೀ ದಿನ ಮಿತಾಕಾ ಕಡೆಗೆ ಕೊಡಿ. ಅಲ್ಲಿನ, ಜಿಬ್ಲಿ ಸ್ಟುಡಿಯೊದ ಅನಿಮೇಶನ್ ಚಿತ್ರಗಳ ಜಿಬ್ಲಿ ಮ್ಯೂಸಿಯಂಗೆ ಬಾಗಿಲಲ್ಲಿ ಟಿಕೆಟ್ ಕೊಡುವುದಿಲ್ಲ. ಪ್ರತಿ ತಿಂಗಳ 10ರಂದು ಜಪಾನಿನ ಬೆಳಿಗ್ಗೆ ಹತ್ತಕ್ಕೆ, ಅಂದರೆ ನಮ್ಮ ಆರೂವರೆಗೆ, ಮುಂದಿನ ತಿಂಗಳ ಟಿಕೆಟ್ ಆನ್‌ಲೈನ್‌ನಲ್ಲಿ ತೆರೆಯುತ್ತದೆ. ಮ್ಯೂಸಿಯಂ ಇರುವುದೇ ಇನೊಕಶಿರಾ ಉದ್ಯಾನದ ಅಂಚಿನಲ್ಲಿ. ಕೊಳದಲ್ಲಿ ಹಂಸದ ಆಕಾರದ ಪೆಡಲ್ ದೋಣಿಗಳಿವೆ. ಜೋಡಿಯಾಗಿ ದೋಣಿ ಹತ್ತಿದವರು ಬೇರೆಯಾಗುತ್ತಾರೆ ಎಂದು ಟೋಕಿಯೊದ ಹುಡುಗ ಹುಡುಗಿಯರು ಹೇಳಿಕೊಳ್ಳುತ್ತಾರೆ. ಕೊಳದ ದಡದ ಗುಡಿಯಲ್ಲಿರುವ ಬೆನ್‌ಜೈತೆನ್ ದೇವಿಗೆ ಹೊಟ್ಟೆಕಿಚ್ಚಂತೆ. ಈ ಬೆನ್‌ಜೈತೆನ್ ಬೇರಾರೂ ಅಲ್ಲ, ಬೌದ್ಧ ಧರ್ಮದ ಜೊತೆ ಚೀನಾ ಹಾದು ಜಪಾನಿಗೆ ಹೋದ ನಮ್ಮ ಸರಸ್ವತಿ. ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿದಿದ್ದಾಳೆ. ಶಾರದೆಗೆ ಇಂಥ ಬುದ್ಧಿ ಇರಲಾರದು ಎಂದು ಧೈರ್ಯಮಾಡಿ ಹತ್ತಬಹುದು. ಅಳುಕಿದ್ದರೆ ಇಡಾಬಾಶಿ ಬಳಿಯ ಟೋಕಿಯೊ ದೈಜಿಂಗುವಿಗೂ ಹೋಗಿಬನ್ನಿ, ಸಂಬಂಧ ಕೂಡಿಬರಲೆಂದು ಜನ ಹರಸಿಕೊಳ್ಳುವ ಗುಡಿ ಅದು.

ನಗರದ ಗಲಾಟೆ ಸಾಕೆನಿಸಿದ ದಿನ ಬಿಸಿನೀರಿನ ಬುಗ್ಗೆಗಳ ಊರು ಹಕೊನೆಗೆ ಹೋಗಿ. ಶಿಂಜುಕುವಿನಿಂದ ಒಡಾಕ್ಯು ಕಂಪನಿಯ ರೊಮಾನ್ಸ್‌ಕಾರ್ ರೈಲು ಒಂದೂವರೆ ಗಂಟೆಯೊಳಗೆ ಮುಟ್ಟಿಸುತ್ತದೆ. ಬಿಸಿನೀರಿನ ಬುಗ್ಗೆಗಳಲ್ಲಿ ಗಂಡಸರದೂ ಹೆಂಗಸರದೂ ಬೇರೆ ಬೇರೆ, ಮೈಮೇಲೆ ಬಟ್ಟೆ ಇರುವಂತಿಲ್ಲ, ಇಳಿಯುವ ಮುಂಚೆ ಸೋಪು ಹಚ್ಚಿ ತೊಳೆದುಕೊಳ್ಳಲೇಬೇಕು. ಹಚ್ಚೆ ಇದ್ದರೆ ಹಲವು ಕಡೆ ಬಿಡುವುದಿಲ್ಲ. ಇಬ್ಬರೂ ಒಟ್ಟಿಗೆ ಮೀಯಬೇಕೆಂದರೆ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ 'ಕಶಿಕಿರಿ' ಸ್ನಾನಗೃಹವಿರುವ ವಸತಿಯನ್ನೇ ಹುಡುಕಿ ಬುಕ್ ಮಾಡಿ.

7. ಅರ್ಧ ದಿನ ಬೇರೆ ಬೇರೆ

ನಾಲ್ಕನೇ ದಿನದ ಹೊತ್ತಿಗೆ ಒಂದು ಮಧ್ಯಾಹ್ನ ಇಬ್ಬರೂ ಬೇರೆ ಹೋಗಿ. ಒಬ್ಬರಿಗೆ ಅಕಿಹಾಬಾರಾದ ಎಲೆಕ್ಟ್ರಾನಿಕ್ಸ್, ಇನ್ನೊಬ್ಬರಿಗೆ ಜಿಂಬೊಚೊದ ಹಳೆಯ ಪುಸ್ತಕದಂಗಡಿಗಳ ಬೀದಿ. ರುಚಿ ಹೊಂದದ ಕಡೆ ಒಬ್ಬರನ್ನೊಬ್ಬರು ಎಳೆದುಕೊಂಡು ಹೋಗಿ ಆಕಳಿಸುವುದಕ್ಕಿಂತ ಇದು ಮೇಲು. ಸಂಜೆ ಸೇರುವ ಜಾಗ ಮೊದಲೇ ಗೊತ್ತಿರಲಿ. ಶಿಬುಯಾದ ಹಚಿಕೊ ನಾಯಿಯ ಪ್ರತಿಮೆ ಬಳಿ ಬೇಡ, ಊರಿನ ಅರ್ಧ ಜನ ಅಲ್ಲೇ ಕಾಯುತ್ತಿರುತ್ತಾರೆ.

ಕೊನೆಯ ದಿನ ಕೋಣೆ ಬಿಟ್ಟಮೇಲೆ ಲಗೇಜನ್ನು ಹೋಟೆಲಿನಲ್ಲೋ ನಿಲ್ದಾಣದ ಕಾಯಿನ್ ಲಾಕರಿನಲ್ಲೋ ಇಟ್ಟು ಹಗುರವಾಗಿ ಅಡ್ಡಾಡಿ. ವೆಲ್‌ಕಮ್ ಸುಯಿಕಾದಲ್ಲಿ ಉಳಿದ ಹಣ ಮರಳಿ ಸಿಗುವುದಿಲ್ಲ, ವಿಮಾನ ನಿಲ್ದಾಣದ ಅಂಗಡಿಯಲ್ಲಿ ಮಾಚಾ ಕಿಟ್‌ಕ್ಯಾಟ್ ಕೊಂಡು ಅದನ್ನು ಪೂರ್ತಿ ಖರ್ಚು ಮಾಡಿ.