ಕೆರೆ ದಂಡೆಯ ಲೈಬ್ರರಿಗೆ ಭೋಪಾಲ್‌ನಿಂದ ತಂದದ್ದು

ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ನಾಲ್ಕನೇ ವರ್ಷದಲ್ಲಿ ನಮಗೆ ಕೊಟ್ಟ ಪ್ರಾಜೆಕ್ಟ್ ಹೀಗಿತ್ತು: ಹಾಸನ ಜಿಲ್ಲೆಯ ಒಂದು ತಾಲ್ಲೂಕು ಊರಿಗೆ ಸಾರ್ವಜನಿಕ ಲೈಬ್ರರಿ, ಜೊತೆಗೆ 200 ಜನ ಕೂರುವ ಬಯಲು ರಂಗಮಂದಿರ. ಜಾಗ ಕೆರೆ ದಂಡೆಯಲ್ಲಿ. ಪಶ್ಚಿಮಕ್ಕೆ ರಸ್ತೆ, ಪೂರ್ವಕ್ಕೆ ನೀರು. ಕೆರೆಯಿಂದ 30 ಮೀಟರ್ ಬಿಟ್ಟ ಮೇಲೆ ಉಳಿದ ಜಾಗ ರಸ್ತೆಯಿಂದ ಕೆಳಗೆ 3.6 ಮೀಟರ್ ಇಳಿಯುತ್ತಿತ್ತು. ಅಂದರೆ ಸರಿಯಾಗಿ ಒಂದು ಮಹಡಿ.

ಆ ಪ್ರಾಜೆಕ್ಟ್‌ಗೆ ಇನ್‌ಸ್ಪಿರೇಶನ್ ಎಲ್ಲಿ ಸಿಕ್ಕಿತು ಅಂತ ಜೂನಿಯರ್‌ಗಳು ಈಗಲೂ ಕೇಳುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಪಿನ್‌ಟರೆಸ್ಟ್‌ನಲ್ಲಿ ಲೈಬ್ರರಿ ಅಂತ ಹುಡುಕಿದರೆ ಫೋಟೋಗಳಿಗೆ ಬರವಿಲ್ಲ. ಆದರೆ ಅವೆಲ್ಲ ಮುಂಭಾಗದ ಫೋಟೋಗಳು. ಕಟ್ಟಡ ನೆಲವನ್ನು ಹೇಗೆ ಮುಟ್ಟಿದೆ, ಬೆಳಕು ಎಲ್ಲಿಂದ ಒಳಗೆ ಬರುತ್ತದೆ, ಜನ ಎಲ್ಲಿ ಚಪ್ಪಲಿ ಬಿಡುತ್ತಾರೆ, ಇದ್ಯಾವುದೂ ಅಲ್ಲಿ ಸಿಗುವುದಿಲ್ಲ. ಅದಕ್ಕೇ ನಾನು ಮೊದಲು ಕಟ್ಟಡ ಹುಡುಕಲಿಲ್ಲ, ನನ್ನ ಸೈಟ್‌ನ ಕಷ್ಟಗಳನ್ನು ಒಂದು ಬಟರ್ ಪೇಪರ್ ಮೇಲೆ ಬರೆದೆ. ಇಳಿಜಾರು. ಪಕ್ಕದಲ್ಲೇ ನೀರು. ಮೇಲಿನಿಂದ ಹೊಡೆಯುವ ಬಿಸಿಲು. ರಸ್ತೆಯಿಂದ ಕೆರೆ ಕಾಣುತ್ತಿತ್ತು. ನಾನು ಏನಾದರೂ ಕಟ್ಟಿದರೆ ಊರಿನವರಿಗೆ ಆ ನೋಟ ತಪ್ಪುತ್ತದೆ. ಇದೇ ಕಷ್ಟ ಎದುರಿಸಿದ ಸಾರ್ವಜನಿಕ ಕಟ್ಟಡ ಬೇರೆ ಯಾವುದಿದೆ ಅನ್ನುವುದು ನನ್ನ ಹುಡುಕಾಟವಾಯಿತು.

ಅದಕ್ಕೂ ಮುಂಚೆ ಊರಿನಲ್ಲಿ ಈಗಿರುವ ಲೈಬ್ರರಿಯಲ್ಲಿ ಹೋಗಿ ಕೂತೆ. ಇದನ್ನು ಯಾರೂ ಬಿಡಬಾರದು. ಬೆಳಿಗ್ಗೆ ಬರುವವರು ವಯಸ್ಸಾದವರು, ಪೇಪರ್ ಓದಲು. ಹನ್ನೊಂದರ ಹೊತ್ತಿಗೆ ಅವರು ಎದ್ದು ಹೋಗುತ್ತಾರೆ. ಆಮೇಲೆ ಸಂಜೆಯವರೆಗೂ ಅದು ಕಾಂಪಿಟಿಟಿವ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರದ್ದು. ಎಫ್‌ಡಿಎ, ಪಿಎಸ್‌ಐ, ಕೆಎಎಸ್. ಅವರು ಲೈಬ್ರರಿಯ ಪುಸ್ತಕ ಮುಟ್ಟುವುದೇ ಕಡಿಮೆ; ತಮ್ಮ ನೋಟ್ಸ್ ತಾವೇ ತರುತ್ತಾರೆ. ಬೆಂಗಳೂರಿನ ಕಬ್ಬನ್ ಪಾರ್ಕ್‌ನ ಕೇಂದ್ರ ಗ್ರಂಥಾಲಯದಲ್ಲೂ ಇದೇ ನೋಟ. 1915ರ ಆ ಕೆಂಪು ಕಟ್ಟಡದ ಒಳಗೆ ಜಾಗ ಸಾಲದೆ ಹೊರಗಿನ ಮರದ ಕೆಳಗೆ ಕೂತು ಓದುತ್ತಾರೆ. ಇವರಿಗೆ ಬೇಕಾದದ್ದು ಟೇಬಲ್, ಪ್ಲಗ್ ಪಾಯಿಂಟ್, ಕುಡಿಯುವ ನೀರು, ಚೊಕ್ಕವಾದ ಟಾಯ್ಲೆಟ್, ರಾತ್ರಿ ಬೇಗ ಬಾಗಿಲು ಹಾಕದ ಒಂದು ಕೋಣೆ. ಅಲ್ಲಿದ್ದ ಒಬ್ಬ ಹುಡುಗಿ ತನ್ನ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟುಕೊಂಡಿದ್ದಳು. ಹಿಂದೆ ಯಾರೂ ಓಡಾಡಬಾರದಂತೆ, ಗಮನ ಹೋಗುತ್ತದಂತೆ. ನನ್ನ ಓದುವ ಕೋಣೆಯ ಪ್ಲಾನ್ ಶುರುವಾಗಿದ್ದೇ ಆ ಕುರ್ಚಿಯಿಂದ. ಮೂರು ಕಡೆ ಗೋಡೆಗೆ ಬೆನ್ನು ಕೊಟ್ಟು ಕೂರುವ ಗೂಡುಗಳು, ನಡುವೆ ಖಾಲಿ ಜಾಗ.

ಈಗ ಭೋಪಾಲ್‌ಗೆ ಬರುತ್ತೇನೆ.

ಅಲ್ಲಿನ ಕಲಾಕೇಂದ್ರ ಭಾರತ ಭವನ 1982ರಲ್ಲಿ ಶುರುವಾಯಿತು. ವಿನ್ಯಾಸ ಮಾಡಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ನಮ್ಮವರಿಗೆ ಅದರ ಹೆಸರು ಇನ್ನೊಂದು ಕಾರಣಕ್ಕೆ ಗೊತ್ತು: ಅಲ್ಲಿನ ನಾಟಕ ತಂಡ ರಂಗಮಂಡಲವನ್ನು ಮೊದಲು ಕಟ್ಟಿ ನಡೆಸಿದವರು ನಮ್ಮ ಬಿ.ವಿ. ಕಾರಂತರು. ಆಮೇಲೆ 1989ರಲ್ಲಿ ಅವರು ಮೈಸೂರಿನಲ್ಲಿ ರಂಗಾಯಣ ಶುರು ಮಾಡಿದರು. ರಂಗಾಯಣದ ಮರಗಳ ನಡುವಿನ ಬಯಲು ರಂಗಮಂದಿರ ವನರಂಗದಲ್ಲಿ ನಾಟಕ ನೋಡಿ ಬೆಳೆದ ನನಗೆ ಭೋಪಾಲ್‌ನಲ್ಲಿ ಕೆರೆಯ ಕಡೆ ತೆರೆದುಕೊಂಡಿರುವ ಬಹಿರಂಗ ಅನ್ನುವ ಬಯಲು ರಂಗಮಂದಿರ ನೋಡಿದಾಗ ತುಂಬ ಆಪ್ತ ಅನ್ನಿಸಿತು.

ಕಾಲೇಜಿನ ಸ್ಟಡಿ ಟೂರ್‌ನಲ್ಲಿ ಅಲ್ಲಿಗೆ ಹೋಗಿದ್ದು. ದೊಡ್ಡ ಕೆರೆಯ ಮೇಲಿನ ಇಳಿಜಾರು ಗುಡ್ಡ ಅದು. ರಸ್ತೆಯಿಂದ ನೋಡಿದರೆ ಕಟ್ಟಡ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಗೇಟ್ ದಾಟಿ ಒಳಗೆ ಹೋದರೆ ನೀವು ನಿಂತಿರುವುದು ಹುಲ್ಲು ಬೆಳೆದ ಟೆರೇಸ್ ಮೇಲೆ. ಆ ಟೆರೇಸೇ ಕಟ್ಟಡದ ಮಾಳಿಗೆ. ಅಲ್ಲಿಂದ ಮೆಟ್ಟಿಲು ಇಳಿದರೆ ಒಂದು ಅಂಗಳ, ಅದರ ಸುತ್ತ ಕೋಣೆಗಳು. ಇನ್ನೂ ಇಳಿದರೆ ಇನ್ನೊಂದು ಅಂಗಳ. ಎಲ್ಲಿ ನಿಂತರೂ ಕೆರೆ ನಿಮ್ಮನ್ನು ಕೆಳಗೆ ಕರೆಯುತ್ತಿರುತ್ತದೆ. ಗ್ಯಾಲರಿ, ಕವಿತೆಗಳ ಲೈಬ್ರರಿ, ಒಳಾಂಗಣ ರಂಗಮಂದಿರ ಎಲ್ಲ ಇದೆ. ಆದರೆ ಬಂದವರಲ್ಲಿ ಬಹಳ ಜನ ಯಾವ ಕೋಣೆಗೂ ಹೋಗದೆ ಸುಮ್ನೆ ಟೆರೇಸ್ ಮೇಲೆ ಕೂತಿದ್ದರು. ಮಕ್ಕಳು ಮೆಟ್ಟಿಲ ಮೇಲೆ ಹತ್ತಿ ಇಳಿದು ಆಡುತ್ತಿದ್ದರು. ಸಾರ್ವಜನಿಕ ಕಟ್ಟಡ ಅಂದರೆ ಇದು ಅಂತ ನನಗೆ ಅನ್ನಿಸಿದ್ದು ಅಲ್ಲಿ. ಕೆಲಸವಿಲ್ಲದವರಿಗೂ ಅಲ್ಲಿ ಜಾಗವಿದೆ.

ಕ್ಯಾಮೆರಾ ಒಳಗಿಟ್ಟು ನಾನು ಅಲ್ಲಿ ಮಾಡಿದ್ದು ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿನಿಂದ ಕೆಳಗೆ ಸೀಳಿದರೆ ಕಾಣುವ ಚಿತ್ರ, ಬಿಡಿಸುವ ಕೆಲಸ. ಮೇಲಿನ ಟೆರೇಸ್‌ನಿಂದ ಕೆಳಗಿನವರೆಗೆ ನಡೆದುಕೊಂಡು, ಮೆಟ್ಟಿಲು ಎಣಿಸಿಕೊಂಡು, ಎಲ್ಲಿ ಬಿಸಿಲು, ಎಲ್ಲಿ ನೆರಳು, ಎಲ್ಲಿ ಜನ ಕೂತಿದ್ದಾರೆ ಅಂತ ಗುರುತು ಹಾಕುತ್ತಾ ಒಂದೇ ಉದ್ದನೆಯ ಗೆರೆ ಎಳೆದೆ. ಫೋಟೋ ತೆಗೆದರೆ ಕಟ್ಟಡ ನೆನಪಿರುತ್ತದೆ, ನಿಜ. ಸೆಕ್ಷನ್ ಎಳೆದರೆ ಆ ಕಟ್ಟಡದ ಹಿಂದಿರುವ ನಿರ್ಧಾರ ಕೈಗೆ ಹತ್ತುತ್ತದೆ.

ನಾನು ಅಲ್ಲಿಂದ ತಂದದ್ದು ಆ ಒಂದು ನಿರ್ಧಾರ. ಮಾಳಿಗೆಯನ್ನೇ ಊರಿಗೆ ಕೊಟ್ಟುಬಿಡುವುದು. ನನ್ನ ಸೈಟ್‌ನಲ್ಲೂ ಇಳಿಜಾರು ಒಂದು ಮಹಡಿಯಷ್ಟೇ ಇತ್ತಲ್ಲ, ಹಾಗಾಗಿ ಲೈಬ್ರರಿಯನ್ನು ರಸ್ತೆಯ ಮಟ್ಟದಿಂದ ಕೆಳಗೆ ಇಳಿಸಿದೆ. ಅದರ ಮಾಳಿಗೆ ರಸ್ತೆಗೆ ಸಮವಾದ ಟೆರೇಸ್ ಆಯಿತು. ರಸ್ತೆಯಲ್ಲಿ ಹೋಗುವವರಿಗೆ ಕೆರೆ ಮೊದಲಿನ ಹಾಗೆಯೇ ಕಾಣುತ್ತದೆ. ಟೆರೇಸ್ ಮೇಲೆ ಒಂದೇ ಒಂದು ಸಣ್ಣ ಕೋಣೆ ಇಟ್ಟೆ, ಪೇಪರ್ ಓದುವವರಿಗೆ. ಅವರಿಗೆ ಮೆಟ್ಟಿಲು ಇಳಿಯುವ ಕಷ್ಟ ಯಾಕೆ? ಬಸ್ ಇಳಿದು ನೇರ ಬಂದು ಕೂರಬಹುದು.

ಕೆಳಗಿನ ಮಟ್ಟ ಎಷ್ಟಿರಬೇಕು ಅನ್ನುವುದನ್ನು ಕೆರೆ ಕೋಡಿ ತೀರ್ಮಾನಿಸಿತು. ಕೋಡಿ ಬಿದ್ದಾಗ ನೀರು ಎಲ್ಲಿಗೆ ಬರುತ್ತದೆ ಅಂತ ಅಲ್ಲಿನ ಮೀನು ಹಿಡಿಯುವವರನ್ನು ಕೇಳಿದೆ, ಲೆವೆಲ್ ತೆಗೆದೆ. ಲೈಬ್ರರಿಯ ನೆಲವನ್ನು ಅದಕ್ಕಿಂತ 1.2 ಮೀಟರ್ ಮೇಲೆ ಇಟ್ಟೆ. ಅಂಗಳದ ಮಳೆ ನೀರು ತಾನಾಗಿ ಕೆರೆ ಕಡೆ ಹರಿದು ಹೋಗುತ್ತದೆ, ಪಂಪ್ ಬೇಕಾಗುವುದಿಲ್ಲ.

ಬೆಳಕಿನ ವಿಷಯಕ್ಕೆ ಬಂದರೆ ಹಾಗೇ ಎತ್ತಿಕೊಂಡು ಬರಲು ಆಗಲಿಲ್ಲ. ಭಾರತ ಭವನದಲ್ಲಿ ಟೆರೇಸ್ ಮೇಲೆ ಎದ್ದು ನಿಂತ ಕಾಂಕ್ರೀಟ್ ಗೂಡುಗಳಿಂದ, ಪ್ಯಾರಾಪೆಟ್ ಗೋಡೆಯ ಉದ್ದಕ್ಕೂ ಇರುವ ಸೀಳುಗಳಿಂದ ಕೆಳಗಿನ ಕೋಣೆಗಳಿಗೆ ಬೆಳಕು, ಗಾಳಿ ಬರುತ್ತದೆ. ನೆಲದೊಳಗೆ ಇದ್ದೇವೆ ಅನ್ನಿಸುವುದೇ ಇಲ್ಲ. ನನಗೂ ಅದೇ ಬೇಕಿತ್ತು. ಆದರೆ ಭೋಪಾಲ್ ಇರುವುದು ಸುಮಾರು 23 ಡಿಗ್ರಿ ಅಕ್ಷಾಂಶದಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತದ ಪಕ್ಕದಲ್ಲೇ. ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ವಾಲುವುದು ಇಲ್ಲ ಅಂತಲೇ ಹೇಳಬಹುದು. ಹಾಸನ 13 ಡಿಗ್ರಿಯಲ್ಲಿದೆ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆಗಿರುತ್ತಾನೆ. 'ನಾರ್ತ್ ಲೈಟ್ ಅಂದರೆ ಬಿಸಿಲಿಲ್ಲದ ಬೆಳಕು' ಅನ್ನುವ ಪಾಠ ನಾವೆಲ್ಲ ಬಾಯಿಪಾಠ ಮಾಡಿರುತ್ತೇವೆ, ಅಲ್ವಾ? ಅದು ಯುರೋಪಿಗೆ ಸರಿ. ನಮ್ಮಲ್ಲಿ ವರ್ಷದ ನಾಲ್ಕು ತಿಂಗಳು ಉತ್ತರದ ಗಾಜಿನಿಂದಲೂ ಬಿಸಿಲು ಒಳಗೆ ಬೀಳುತ್ತದೆ. ಪುಸ್ತಕದ ಬೆನ್ನಿನ ಮೇಲೆ ದಿನಾ ಬಿಸಿಲು ಬಿದ್ದರೆ ಬಣ್ಣ ಹೋಗುತ್ತದೆ, ಓದುವವರ ಕಣ್ಣಿಗೂ ತೊಂದರೆ.

ಆದ್ದರಿಂದ ಮೇಲಿನಿಂದ ಬೆಳಕು ತರುವ ಉಪಾಯವನ್ನು ಮಾತ್ರ ಇಟ್ಟುಕೊಂಡು ಅಳತೆಯನ್ನು ನಾನೇ ಲೆಕ್ಕ ಹಾಕಿದೆ. ಜೂನ್ 21ರಂದು ಮಧ್ಯಾಹ್ನ ಹಾಸನದಲ್ಲಿ ಸೂರ್ಯನ ಎತ್ತರ ಸುಮಾರು 80 ಡಿಗ್ರಿ, ಉತ್ತರ ದಿಕ್ಕಿನಲ್ಲಿ. ಅಷ್ಟು ಮೇಲಿರುವುದರಿಂದ ಅವನನ್ನು ತಡೆಯುವುದು ಸುಲಭ. ಉತ್ತರದ ಕಡೆಯ 900 ಮಿ.ಮೀ. ಎತ್ತರದ ಗಾಜಿಗೆ 350 ಮಿ.ಮೀ. ಮುಂದೆ ಚಾಚುವ ಚಜ್ಜಾ (ನೆರಳಿನ ಹಲಗೆ) ಕೊಟ್ಟರೆ ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಮೂರೂವರೆವರೆಗೆ ಬಿಸಿಲು ಒಳಗೆ ಬರುವುದಿಲ್ಲ. ಅದಕ್ಕೂ ಮುಂಚಿನ, ಆಮೇಲಿನ ಓರೆ ಬಿಸಿಲಿಗೆ ಎರಡೂ ಬದಿಗೆ ನಿಂತ ಫಿನ್‌ಗಳು, ಅಂದರೆ ತೆಳು ಅಡ್ಡಗೋಡೆಗಳು. ಮೌಂಟ್ ಬೋರ್ಡ್‌ನಲ್ಲಿ 1:20 ಅಳತೆಯ ಒಂದೇ ಒಂದು ಸ್ಕೈಲೈಟ್ ಮಾಡಿ, ಹಾಸ್ಟೆಲ್ ಮಾಳಿಗೆಗೆ ಒಯ್ದು, ಬೇರೆ ಬೇರೆ ಹೊತ್ತಿನ ಸೂರ್ಯನ ಕೋನ ತೋರಿಸುವ ಸನ್‌ಡಯಲ್ ಪೇಪರ್ ಅಂಟಿಸಿ, ಓರೆ ಮಾಡಿ ಹಿಡಿದು ನೋಡಿದೆ. ಮಾಡೆಲ್ ಒಳಗಿನ ಬೆಳಕು ಮೆತ್ತಗೆ, ಒಂದೇ ಸಮ ಇತ್ತು. ಅದನ್ನು ನೋಡಿದಾಗ ಆದ ಖುಷಿ ಇವತ್ತಿಗೂ ಮರೆತಿಲ್ಲ.

ರಂಗಮಂದಿರದ ಮೆಟ್ಟಿಲುಗಳನ್ನೂ ಹತ್ತಿರದಿಂದ ತೋರಿಸುತ್ತೇನೆ, ಯಾಕೆಂದರೆ ಲೆಕ್ಕ ಚೆಂದ ಕೂತಿತು. ಕೂರುವ ಕಟ್ಟೆಯ ಎತ್ತರ 450 ಮಿ.ಮೀ., ಅಗಲ 900. ಓಡಾಡುವ ಮೆಟ್ಟಿಲಿಗೆ ರೈಸರ್ (ಎತ್ತರ) 150, ಟ್ರೆಡ್ (ಕಾಲಿಡುವ ಅಗಲ) 300. ಮೂರು ಮೆಟ್ಟಿಲು ಸೇರಿದರೆ ಸರಿಯಾಗಿ ಒಂದು ಕಟ್ಟೆ. 3.6 ಮೀಟರ್‌ಗೆ ಎಂಟು ಕಟ್ಟೆ. ಕಟ್ಟೆಗೆ 25 ಜನ ಅಂದರೆ 200. ಪ್ರೇಕ್ಷಕರ ಮುಖ ಪೂರ್ವಕ್ಕೆ, ಕೆರೆಗೆ. ಸಂಜೆ ನಾಟಕ ಶುರುವಾಗುವ ಹೊತ್ತಿಗೆ ಸೂರ್ಯ ಅವರ ಬೆನ್ನ ಹಿಂದೆ ಇರುತ್ತಾನೆ, ನಟರ ಮುಖದ ಮೇಲೆ ಬೆಳಕಿರುತ್ತದೆ. ನಾಟಕ ಇಲ್ಲದ ದಿನ ಅದೇ ಕಟ್ಟೆಗಳ ಮೇಲೆ ಕೂತು ಓದಬಹುದು.

ಆದರೆ ಮೆಟ್ಟಿಲು ಜಾಸ್ತಿ ಆದಷ್ಟೂ ವೀಲ್‌ಚೇರ್‌ನಲ್ಲಿ ಬರುವವರಿಗೆ ಬಾಗಿಲು ಮುಚ್ಚಿದ ಹಾಗೆ. ಇಳಿಯುತ್ತಾ ಹೋಗುವ ಅಂಗಳಗಳ ಕಟ್ಟಡವನ್ನು ಮೆಚ್ಚುವವರು ಈ ಪ್ರಶ್ನೆಗೆ ಉತ್ತರ ಹುಡುಕಲೇಬೇಕು. 1:12 ಇಳಿಜಾರಿನ ರ‍್ಯಾಂಪ್ ಅಂದರೆ 3.6 ಮೀಟರ್‌ಗೆ 43.2 ಮೀಟರ್ ಉದ್ದ. ಪ್ರತಿ 750 ಮಿ.ಮೀ. ಏರಿಕೆಗೆ ಒಂದು ಲ್ಯಾಂಡಿಂಗ್ (ನಿಲ್ಲುವ ಸಮತಟ್ಟು ಜಾಗ) ಬೇಕು, ಅಂದರೆ ನಾಲ್ಕು. ಅವೂ ಸೇರಿ ಒಟ್ಟು 49 ಮೀಟರ್ ದಾಟಿತು. ಇಷ್ಟು ಉದ್ದದ್ದನ್ನು ಕಟ್ಟಡದ ಹಿಂದೆ ಎಲ್ಲೋ ತಳ್ಳಿದರೆ ಅದು ಅವಮಾನವೇ.

ಇಲ್ಲಿ ನನಗೆ ಸಹಾಯಕ್ಕೆ ಬಂದದ್ದು 2004ರಲ್ಲಿ ತೆರೆದ, ಅಮೆರಿಕದ ಸಿಯಾಟಲ್ ಸೆಂಟ್ರಲ್ ಲೈಬ್ರರಿ. ಅದನ್ನು ನಾನು ನೋಡಿಲ್ಲ, ಡ್ರಾಯಿಂಗ್‌ಗಳಿಂದ ಓದಿಕೊಂಡೆ. ವಾಸ್ತುಶಿಲ್ಪಿ ರೆಮ್ ಕೂಲ್ಹಾಸ್ ಅವರ ಓಎಂಎ ಸಂಸ್ಥೆಯ ಕಟ್ಟಡ. ಹೊರಗಿನ ಗಾಜಿನ ಆಕಾರ ಎಲ್ಲರಿಗೂ ಪರಿಚಿತ. ನನಗೆ ಬೇಕಾಗಿದ್ದು ಒಳಗಿನ ಪುಸ್ತಕದ ಸುರುಳಿ. ನಾಲ್ಕು ಮಹಡಿಗಳಲ್ಲಿ ಒಂದೇ ಸಮನೆ ಸುತ್ತುವ ಮೆಲ್ಲನೆಯ ಇಳಿಜಾರಿನ ಮೇಲೆ ಕಪಾಟುಗಳಿವೆ. ಪುಸ್ತಕಗಳನ್ನು ವಿಷಯವಾರು ಜೋಡಿಸುವ ಡ್ಯೂಯಿ ಸಂಖ್ಯೆ ಎಲ್ಲೂ ತುಂಡಾಗದೆ ಸಾಗುತ್ತದೆ, ಆ ಸಂಖ್ಯೆಗಳನ್ನು ನೆಲದಲ್ಲೇ ಬರೆದಿದ್ದಾರೆ. ನನ್ನ 49 ಮೀಟರ್ ರ‍್ಯಾಂಪನ್ನು ಅಂಗಳದ ಸುತ್ತ ತಿರುಗಿಸಿ ಅದನ್ನೇ ಲೈಬ್ರರಿಯ ಮುಖ್ಯ ದಾರಿ ಮಾಡಿದೆ. ಒಂದು ಬದಿ ಕಪಾಟು, ಇನ್ನೊಂದು ಬದಿ ಅಂಗಳ. ನಾಲ್ಕು ಲ್ಯಾಂಡಿಂಗ್‌ಗಳಲ್ಲಿ ಕೂತು ಓದುವ ಕಟ್ಟೆ. ಎಲ್ಲರೂ ಇಳಿಯುವುದು ಅದೇ ದಾರಿಯಲ್ಲಿ. ಮೆಟ್ಟಿಲು ಬೇಕಾದವರು ಹೊರಗಿನಿಂದ ಹೋಗಲಿ.

ಹತ್ತಿರದ ಕಟ್ಟಡಗಳನ್ನೂ ನೋಡಿದೆ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಕಲಾ ಮ್ಯೂಸಿಯಂನ ಹೊರಗೋಡೆಯ ಸ್ಟೀಲ್ ಹಲಗೆಗಳು ಚೆನ್ನಾಗಿವೆ. ನೀರಿನ ಟ್ಯಾಂಕ್ ಹಲಗೆಯ ಹಾಗೆ ಒಂದನ್ನೊಂದು ದಾಟುವ ಗೆರೆಗಳನ್ನು ಒತ್ತಿದ್ದಾರೆ. ಆ ಸೆಮಿಸ್ಟರ್‌ನಲ್ಲಿ ಆ ಹಲಗೆ ನಮ್ಮ ಕ್ಲಾಸಿನ ಬಹಳಷ್ಟು ಎಲಿವೇಶನ್‌ಗಳ (ಮುಂಭಾಗದ ಡ್ರಾಯಿಂಗ್‌ಗಳ) ಮೇಲೆ ಬಂದಿತ್ತು. ಮಧ್ಯ ನಗರದ ಇಕ್ಕಟ್ಟು ಸೈಟ್‌ನ ಬಹುಮಹಡಿ ಮ್ಯೂಸಿಯಂಗೆ ಅದು ಸರಿ. ಹಾಸನದ ಕೆರೆ ದಂಡೆಗೆ ಅದರಿಂದ ತರುವುದು ಏನೂ ಇರಲಿಲ್ಲ, ನಾನು ಊರಿನ ಕಲ್ಲಿನ ಗೋಡೆಯಲ್ಲೇ ಉಳಿದೆ.

ಪ್ರಾಜೆಕ್ಟ್ ಪರೀಕ್ಷಿಸುವ ಜ್ಯೂರಿಯಲ್ಲಿ ಮೊದಲ ಪ್ರಶ್ನೆ, "ಎಲಿವೇಶನ್ ಎಲ್ಲಿ?" 1:50 ಸೆಕ್ಷನ್ ಮಾಡೆಲ್ ಮುಂದಿಟ್ಟು, ರಸ್ತೆಯಿಂದ ಕಾಣಬೇಕಾದದ್ದು ಕೆರೆ ಅಂದೆ. ಆ ಮಾತು ಒಪ್ಪಿಕೊಂಡರು. ಜಾಸ್ತಿ ಹೊತ್ತು ಚರ್ಚೆ ಆಗಿದ್ದು ರಾತ್ರಿಯ ಬಗ್ಗೆ. ಟೆರೇಸ್ ಎಲ್ಲರಿಗೂ ತೆರೆದಿದ್ದರೆ ಕೆಳಗಿನ ಪುಸ್ತಕಗಳಿಗೆ ಏನು ಭದ್ರತೆ? ಇದಕ್ಕೂ ಉತ್ತರ ಭೋಪಾಲ್‌ನಲ್ಲೇ ಸಿಕ್ಕಿತ್ತು. ಅಲ್ಲಿ ಅಂಗಳದ ಕಡೆಗಿನ ಬಾಗಿಲುಗಳು ಎರಡು ಪದರ. ಒಳಗೆ ಗಾಜು ಮತ್ತು ತೆಗೆದು ಹಾಕುವ ಹಲಗೆ, ಬೆಳಕು ಗಾಳಿಗೆ. ಹೊರಗೆ ದೊಡ್ಡ ಮರದ ಬಾಗಿಲು, ಭದ್ರತೆಗೆ. ನಾನೂ ಹಾಗೆ ಮಾಡಿ, ಕಟ್ಟಡವನ್ನು ಮೂರು ಬೀಗಗಳ ಲೆಕ್ಕದಲ್ಲಿ ಹಂಚಿದ್ದೆ: ಪುಸ್ತಕದ ರ‍್ಯಾಂಪ್‌ಗೆ ರಾತ್ರಿ ಎಂಟಕ್ಕೆ ಬೀಗ, ಓದುವ ಕೋಣೆಗೆ ಹತ್ತಕ್ಕೆ, ಟೆರೇಸ್‌ಗೆ ಬೀಗವೇ ಇಲ್ಲ. ಟಾಯ್ಲೆಟ್ ಮತ್ತು ಕುಡಿಯುವ ನೀರು ಓದುವ ಕೋಣೆಯ ಬೀಗದ ಒಳಗೆ ಬರಬೇಕು, ಇಲ್ಲದಿದ್ದರೆ ಎಂಟರ ನಂತರ ಓದುವವರು ಪರದಾಡಬೇಕಾಗುತ್ತದೆ. ಜ್ಯೂರಿಯಲ್ಲಿದ್ದ ಒಬ್ಬರು ಆ ಬೀಗಗಳ ಪ್ಲಾನ್ ಶೀಟನ್ನು ತಿರುಗಿಸಿ ತಿರುಗಿಸಿ ನೋಡಿ, ಹತ್ತು ಗಂಟೆಗೆ ಹೊರಗೆ ಬರುವ ಹುಡುಗಿಯರು ರಸ್ತೆಗೆ ಹೋಗುವ ದಾರಿಯಲ್ಲಿ ದೀಪ ಎಲ್ಲಿದೆ ಅಂತ ಕೇಳಿದರು. ಓದುವ ಕೋಣೆಯ ಬಾಗಿಲಿನಿಂದ ಪೇಪರ್ ಕೋಣೆಯವರೆಗೆ ಇದ್ದ ದೀಪಗಳನ್ನು ತೋರಿಸಿದೆ. ಅಲ್ಲಿಂದ ಬಸ್ ಸ್ಟಾಪ್‌ವರೆಗೂ ಎಳೆಯಿರಿ ಅಂದರು. ಫೈನಲ್ ಶೀಟ್‌ನಲ್ಲಿ ಎಳೆದೆ.