ತಡಿಯಂಡಮೋಳ್ ದಾರಿಯಿಂದ ಅಡುಗೆಮನೆಗೆ ಸುದ್ದಿ: ನನ್ನ ಅನುಭವ

ಕೊಡಗಿನ ಕಕ್ಕಬ್ಬೆ ಕಡೆ ಹೋಮ್‌ಸ್ಟೇ ನಡೆಸುವವರು ಈಗ ಎಲ್ಲಿ ಸಿಕ್ಕರೂ ಒಂದೇ ಪ್ರಶ್ನೆ ಕೇಳುತ್ತಾರೆ. "ಆ ಡಬ್ಬಿ ನಿಜವಾಗಿ ಕೆಲಸ ಮಾಡುತ್ತಾ?" ಮೊಬೈಲ್ ಸಿಗ್ನಲ್ ಇಲ್ಲದ ತಡಿಯಂಡಮೋಳ್ ಬೆಟ್ಟದ ಚಾರಣದ ದಾರಿಯಿಂದ ನಮ್ಮನೆಗೆ ಚಿಕ್ಕ ಸಂದೇಶ ತಲುಪಿಸಲು ನಾನು ಇಟ್ಟಿರುವ ರೇಡಿಯೋ ಡಬ್ಬಿ ಅದು. ಕೆಲಸ ಮಾಡುತ್ತದೆ. ಮೋಡ ಕವಿದ ಜುಲೈ ತಿಂಗಳಲ್ಲೂ ನಿಲ್ಲದೆ ಮಾಡಿದೆ. ಶುರು ಮಾಡಿದಾಗ ಮೂಗು ಮುರಿದವರೇ ಜಾಸ್ತಿ. ಪಕ್ಕದ ತೋಟದ ಮಾವ ಆಂಟೆನಾ ಕೈಯಲ್ಲಿ ಹಿಡಿದು ನೋಡಿ, "ಮೊಬೈಲ್ ಟವರಿಗೇ ಆಗದ್ದು ಈ ಕಡ್ಡಿಗೆ ಆಗುತ್ತಾ ಮಗ? ಸುಮ್ನೆ ದುಡ್ಡು ದಂಡ" ಅಂದಿದ್ದರು. ಈಗ ಅವರ ಬಾಣೆಯಲ್ಲೇ (ಗದ್ದೆಗೆ ಸೇರಿದ ಎತ್ತರದ ಜಮೀನು) ನನ್ನ ಎರಡನೇ ಡಬ್ಬಿ ನಿಂತಿದೆ.

ನನಗೆ ಮೊದಲು ಬೇಕಿದ್ದದ್ದು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನವೇ. ಹೊರದೇಶದ ಚಾರಣಿಗರು ಬ್ಯಾಗಿನ ಪಟ್ಟಿಗೆ ಸಿಕ್ಕಿಸಿಕೊಂಡಿರುತ್ತಾರಲ್ವಾ, ಗಾರ್ಮಿನ್ ಇನ್‌ರೀಚ್, ಅಂಥದ್ದು. 66 ಇರಿಡಿಯಂ ಉಪಗ್ರಹಗಳ ಜಾಲ, ಆಕಾಶ ಕಂಡರೆ ಸಾಕು, ಟವರೇ ಬೇಡ. ಆದರೆ ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅದನ್ನು ಬಳಸುವ ಹಾಗಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆ, 1933ರ ವೈರ್‌ಲೆಸ್ ಕಾಯ್ದೆಯ ಕಾಲದಿಂದ ಬಂದ ಬಿಗಿ ಅದು. ಗೊತ್ತಿಲ್ಲದೆ ತಂದ ಪ್ರವಾಸಿಗರು ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು ಪೊಲೀಸ್ ಕೇಸು ಮೈಮೇಲೆ ಎಳೆದುಕೊಂಡಿದ್ದಾರೆ. ಯಾರಾದರೂ ಅತಿಥಿ ಅದನ್ನು ಬ್ಯಾಗಿನಿಂದ ತೆಗೆದರೆ ಒಳಗಿಡಿ ಅಂತ ನಾನು ನೇರವಾಗಿ ಹೇಳುತ್ತೇನೆ. ಬಿಎಸ್‌ಎನ್‌ಎಲ್ ಮೂಲಕ ಇನ್‌ಮಾರ್‌ಸ್ಯಾಟ್ ಉಪಗ್ರಹ ಫೋನ್ ಪಡೆಯುವ ದಾರಿ ಇದೆ. ನನ್ನಂಥ ಸಣ್ಣ ಹೋಮ್‌ಸ್ಟೇಗೆ ಅದರ ಖರ್ಚು ಎಟುಕುವುದಿಲ್ಲ.

ಇನ್ನೊಂದು ಮಾತು. ಇನ್‌ರೀಚ್‌ನಲ್ಲಿ ಎಸ್‌ಒಎಸ್ ಗುಂಡಿ ಒತ್ತಿದರೆ ಸುದ್ದಿ ಹೋಗುವುದು ಅಮೆರಿಕದ ಟೆಕ್ಸಸ್‌ನಲ್ಲಿರುವ ಕೇಂದ್ರಕ್ಕೆ. ಅಲ್ಲಿಂದ ಅವರು ಇಲ್ಲಿನ ಪೊಲೀಸರನ್ನೋ ರಕ್ಷಣಾ ಪಡೆಯನ್ನೋ ಹುಡುಕಬೇಕು. ನಾಲ್ಕುನಾಡು ಅರಮನೆಯ ಮೇಲಿನ ದಾರಿಯಲ್ಲಿ ಒಬ್ಬರು ಬಿದ್ದರೆ ಕೊನೆಗೆ ಗಾಯಾಳುವನ್ನು ಇಳಿಸಲು ಏಣಿ ಹೊತ್ತು ಹತ್ತುವವರು ನಮ್ಮ ಊರಿನ ಹುಡುಗರೇ. ಹಾಗಾದರೆ ಸುದ್ದಿ ನೇರವಾಗಿ ನಮ್ಮನೆಗೇ ಬರಲಿ ಅನ್ನೋದು ನನ್ನ ಲೆಕ್ಕ.

ಮೊದಲು ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಿಗಳ ರೇಡಿಯೋ, ಹಿಡಿದೆ. ಬೆಂಗಳೂರಿಗೆ ಹೋಗಿ ಪರೀಕ್ಷೆ ಬರೆದೆ, ಲೈಸೆನ್ಸ್ ಕೈಗೆ ಬರಲು ತಿಂಗಳುಗಟ್ಟಲೆ ಕಾದೆ. 5 ವಾಟ್‌ನ ವಾಕಿಟಾಕಿ ಬೆಟ್ಟದಲ್ಲಿ ಅಡ್ಡ ಇಲ್ಲದ ಕಡೆ ಚೆನ್ನಾಗೇ ಮಾತಾಡುತ್ತೆ. ಆದರೆ ಹ್ಯಾಮ್ ಅನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ದುಡ್ಡು ಕೊಟ್ಟು ಬಂದ ಅತಿಥಿಗಳನ್ನು ಕರೆದೊಯ್ಯುವ ಗೈಡ್ ಅದರಲ್ಲಿ ದಿನವೂ ಸುದ್ದಿ ಹೇಳುವುದು ಸರಿಯಲ್ಲ. ಗೈಡ್ ಹುಡುಗನೂ ಪರೀಕ್ಷೆ ಪಾಸಾಗಿರಬೇಕು. ಹಾಗಾಗಿ ಹ್ಯಾಮ್ ನನ್ನ ಸ್ವಂತ ಖುಷಿಗೆ ಉಳಿಯಿತು.

ಆಮೇಲೆ ಲೋರಾ, ಅದರ ಮೇಲೆ ಮೆಶ್‌ಟಾಸ್ಟಿಕ್. ಲೋರಾ ಅಂದರೆ ಕಡಿಮೆ ಶಕ್ತಿಯಲ್ಲಿ ಚಿಕ್ಕ ಸಂದೇಶವನ್ನು ದೂರ ಕಳಿಸುವ ರೇಡಿಯೋ, ಮೆಶ್‌ಟಾಸ್ಟಿಕ್ ಅಂದರೆ ಆ ಸಂದೇಶವನ್ನು ಡಬ್ಬಿಯಿಂದ ಡಬ್ಬಿಗೆ ದಾಟಿಸುವ ತಂತ್ರಾಂಶ. 865ರಿಂದ 867 ಮೆಗಾಹರ್ಟ್ಸ್ ನಮ್ಮಲ್ಲಿ 2005ರಿಂದಲೇ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಜಾಗ. 1 ವಾಟ್ ತನಕ ಪರವಾಗಿಲ್ಲ. ಒಂದು ಸೂಕ್ಷ್ಮ ಮಾತ್ರ ತುಂಬ ಜನ ಗಮನಿಸಲ್ಲ. ಒಂದು ಸಂದೇಶ ಹಿಡಿಯುವ ತರಂಗದ ಜಾಗಕ್ಕೆ ನಿಯಮದಲ್ಲಿ 200 ಕಿಲೋಹರ್ಟ್ಸ್ ಅಗಲ ಅಂತಿದೆ. ಡಬ್ಬಿ ತೆರೆದ ಕೂಡಲೇ ಸಿಗುವ ಲಾಂಗ್‌ಫಾಸ್ಟ್ ಅನ್ನುವ ಸೆಟ್ಟಿಂಗ್ 250 ಕಿಲೋಹರ್ಟ್ಸ್ ತಿನ್ನುತ್ತದೆ. ನಾನು ಎಲ್ಲವನ್ನೂ ಲಾಂಗ್ ಮಾಡರೇಟ್‌ಗೆ ಇಳಿಸಿದೆ. ಅದು 125. ನಿಧಾನ, ಆದರೆ ನಿಯಮದ ಒಳಗೆ ಇದೆ, ದೂರವೂ ಜಾಸ್ತಿ ಸಿಗುತ್ತೆ. ಬೋರ್ಡು ಕೊಳ್ಳುವಾಗ ಇಟಿಎ (ಸಾಧನಕ್ಕೆ ಸರ್ಕಾರದ ಅನುಮೋದನೆ) ಪತ್ರ ಇರುವ ಮಾರಾಟಗಾರರ ಹತ್ತಿರವೇ ಕೊಳ್ಳಿ.

ಈಗ ಕೈಕೊಟ್ಟದ್ದನ್ನೆಲ್ಲ ಹೇಳುತ್ತೇನೆ.

ಮೊದಲ ಪೆಟ್ಟು ಆಂಟೆನಾದ್ದು. ಆನ್‌ಲೈನಿನಲ್ಲಿ ತರಿಸಿದ ಆಂಟೆನಾ ಮೇಲೆ 868 ಅಂತ ಚೀಟಿ ಅಂಟಿಸಿದ್ದರು. ತೋಟದ ಗೇಟಿನ ತನಕ ಸಂದೇಶ ಹೋಗುತ್ತೆ, ಹೊಳೆ ದಾಟಿದರೆ ಇಲ್ಲ. ಎಲ್ಲರೂ "ಇಷ್ಟೇ ಇದರ ಯೋಗ್ಯತೆ" ಅಂದರು. ಗೆಳೆಯನ ನ್ಯಾನೋ ವಿಎನ್‌ಎ ಅನ್ನುವ ಆಂಟೆನಾ ಅಳೆಯುವ ಉಪಕರಣ ತಂದು ನೋಡಿದರೆ ಆ ಆಂಟೆನಾ ಚೆನ್ನಾಗಿ ಕೆಲಸ ಮಾಡುವುದು 915 ಮೆಗಾಹರ್ಟ್ಸ್ ಹತ್ತಿರ. 866ರಲ್ಲಿ ಎಸ್‌ಡಬ್ಲ್ಯುಆರ್ ಮೂರಕ್ಕಿಂತ ಮೇಲೆ, ಅಂದರೆ ಕಳಿಸಿದ ಶಕ್ತಿಯ ಒಂದು ಪಾಲು ಹೊರಗೆ ಹೋಗದೆ ವಾಪಸ್ ಬರುತ್ತೆ. ನಾಲ್ಕು ತರಿಸಿದ್ದೆ, ನಾಲ್ಕೂ ಹಾಗೇ. ಎರಡು ಸಾವಿರದ ಆಸುಪಾಸು ನೀರಲ್ಲಿ ಹೋಮ. ಅಂದಿನಿಂದ ಅಳೆಯದೆ ಒಂದು ಆಂಟೆನಾವನ್ನೂ ಮೇಲೇರಿಸಿಲ್ಲ.

ಎರಡನೆಯದು ಸಿಡಿಲು. ಕಾಫಿ ಹೂಮಳೆಯ ಹೊತ್ತಿಗೆ ಇಲ್ಲಿ ಗುಡುಗು ಹೇಗಿರುತ್ತೆ ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಸಿಲ್ವರ್ ಓಕ್ ಮರದ ತುದಿಯಲ್ಲಿದ್ದ ಡಬ್ಬಿ ಒಂದು ಸಂಜೆ ಸುಮ್ಮನಾಯಿತು. ಇಳಿಸಿ ನೋಡಿದರೆ ಬೋರ್ಡಿನ ರೇಡಿಯೋ ಭಾಗ ಸತ್ತಿದೆ, ಬ್ಯಾಟರಿ ಸರಿ ಇದೆ. ಈಗ ಮರದ ನೆತ್ತಿಗೆ ಕಟ್ಟುವುದಿಲ್ಲ. ತುದಿಗಿಂತ ಎಂಟು ಹತ್ತು ಅಡಿ ಕೆಳಗೆ, ರೆಂಬೆ ಸವರಿದ ಮಗ್ಗುಲಲ್ಲಿ ಕಟ್ಟುತ್ತೇನೆ.

ಮೂರನೆಯದು ಇರುವೆ. ಕೇಬಲ್ ತೂರುವ ತೂತಿನಿಂದ ನುಗ್ಗಿ ಡಬ್ಬಿ ತುಂಬ ಮೊಟ್ಟೆ ಇಟ್ಟಿದ್ದವು. ಮುಚ್ಚಳ ತೆಗೆದರೆ ಬಿಳಿ ಮೊಟ್ಟೆಯ ರಾಶಿ ಬೋರ್ಡನ್ನೇ ಮುಚ್ಚಿದೆ, ಒಂದು ಮೂಲೆಯಲ್ಲಿ ಹಸಿರು ಎಲ್‌ಇಡಿ ಮಾತ್ರ ಮಿಣುಕುತ್ತಿದೆ. ಅದರ ಜೊತೆ ತೇವ. ಐಪಿ65 (ನೀರು, ದೂಳು ತಡೆಯುವ ದರ್ಜೆ) ಅಂತ ಬರೆದ ಡಬ್ಬಿ ಮೇಲಿನಿಂದ ಬೀಳುವ ಮಳೆ ತಡೆಯುತ್ತೆ. ಒಳಗಿನ ಗಾಳಿ ರಾತ್ರಿ ತಣ್ಣಗಾಗಿ ನೀರಾಗುವುದನ್ನು ತಡೆಯಲ್ಲ. ಕೆಳಗೆ ಸಣ್ಣ ಉಸಿರಾಟದ ತೂತು ಬಿಟ್ಟು ಅದಕ್ಕೆ ಸ್ಟೀಲ್ ಜಾಲರಿ ಹಾಕಿದೆ. ಆಂಟೆನಾ ಕನೆಕ್ಟರಿಗೆ ಏನು ಸುತ್ತುತ್ತೇನೆ ಅನ್ನೋದನ್ನು ಬರೆಯಲ್ಲ. ಕೆಜಿಗಟ್ಟಲೆ ಟೇಪು ಹಾಳು ಮಾಡಿ ಕಂಡುಕೊಂಡದ್ದು ಅದು. ಮನೆಗೆ ಬಂದರೆ ತೋರಿಸುತ್ತೇನೆ.

ಇದೆಲ್ಲಕ್ಕಿಂತ ದೊಡ್ಡದು ಬಿಸಿಲಿನ ಸಮಸ್ಯೆ. ಬಯಲುಸೀಮೆಯವರು ಸಣ್ಣ ಸೋಲಾರ್ ಹಲಗೆ, 18650 ಅನ್ನುವ ಒಂದು ಲಿಥಿಯಂ ಸೆಲ್ ಹಾಕಿ ಮರೆತುಬಿಡುತ್ತಾರೆ. ಇಲ್ಲಿ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ವಾರಗಟ್ಟಲೆ ಸೂರ್ಯನ ಮುಖವೇ ಕಾಣಲ್ಲ. ಮೊದಲು ಇಟ್ಟದ್ದು ಇಎಸ್‌ಪಿ32 ಚಿಪ್ಪಿನ ಬೋರ್ಡು. ನೂರು ಮಿಲಿಆಂಪ್ ಹತ್ತಿರ ಕುಡಿಯುತ್ತೆ. ಒಂದು ಸೆಲ್ ಒಂದು ದಿನಕ್ಕೆ ಮುಗಿಯುತ್ತೆ. ಎನ್‌ಆರ್‌ಎಫ್52840 ಅನ್ನುವ, ಕಡಿಮೆ ಕರೆಂಟ್ ಸಾಕಾಗುವ ಚಿಪ್ ಇರುವ ಬೋರ್ಡಿಗೆ ಬದಲಾಯಿಸಿದೆ. ಹತ್ತು ಮಿಲಿಆಂಪ್ ಆಸುಪಾಸು. ನಾಲ್ಕು ಸೆಲ್ ಜೋಡಿಸಿದರೆ ಸುಮಾರು 12,000 ಮಿಲಿಆಂಪ್-ಗಂಟೆ. ಬಿಸಿಲು ಒಂದು ಹನಿ ಬೀಳದಿದ್ದರೂ ತಿಂಗಳು ದಾಟುತ್ತೆ. ಹಳೆ ಲ್ಯಾಪ್‌ಟಾಪಿನ ಸೆಲ್ ಬೇಡ, ಹೊಸದೇ ಹಾಕಿ. ಈ ಒಂದು ಬದಲಾವಣೆ ಆದ ಮೇಲೆ ನನಗೆ ನಿದ್ದೆ ಬಂತು.

ಜಾಗ ಯಾವುದು ಅನ್ನೋದು ಅರ್ಧ ಕೆಲಸ. ಕಾಡಿನೊಳಗೆ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯಬಾರದು. ನನ್ನವೆಲ್ಲ ಖಾಸಗಿ ಜಮೀನಿನಲ್ಲಿವೆ. ಒಂದು ನಮ್ಮ ತೋಟದ ಸಿಲ್ವರ್ ಓಕ್ ಮೇಲೆ, ಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿ ಎಟುಕುವಷ್ಟು ಎತ್ತರದಲ್ಲಿ. ಇನ್ನೊಂದು ಮಾವನ ಬಾಣೆಯಲ್ಲಿ, ಎದುರು ಏರಿನ ಮೇಲೆ. ಮೂರನೆಯದರ ಜಾಗ ಹೇಳಲ್ಲ. ಅದನ್ನು ಹುಡುಕಲು ಬೇಸಿಗೆಯಿಡೀ ಬೆಟ್ಟ ಸುತ್ತಿದ್ದೇನೆ. ಆ ಬಂಡೆಯ ಮೇಲೆ ನಿಂತರೆ ಶೋಲಾ ಕಾಡಿನ ಒಳದಾರಿಯೂ ಕಾಣುತ್ತೆ, ನಮ್ಮನೆ ಹೆಂಚೂ ಕಾಣುತ್ತೆ.

ಎತ್ತರದ ಬೆಲೆ ನನಗೆ ಮನವರಿಕೆ ಆದದ್ದು ಬೇರೆ ಒಂದು ಪ್ರಯೋಗದಿಂದ. ಹ್ಯಾಮ್ ಲೈಸೆನ್ಸ್ ಇತ್ತಲ್ವಾ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ 145.825 ಮೆಗಾಹರ್ಟ್ಸ್‌ನ ಪ್ಯಾಕೆಟ್ ರಿಪೀಟರ್, ಅಂದರೆ ಬಂದ ಸಂದೇಶವನ್ನು ಮತ್ತೆ ಕಳಿಸುವ ಯಂತ್ರ, ಇದೆ. ಟೇಪ್ ಅಳತೆಪಟ್ಟಿ ಕತ್ತರಿಸಿ ಒಂದೇ ದಿಕ್ಕಿಗೆ ಗುರಿಯಿಡುವ ಯಾಗಿ ಆಂಟೆನಾ ಮಾಡಿ, ಕಾಫಿ ಒಣಗಿಸುವ ಕಣದಲ್ಲಿ ನಿಂತೆ. ನಮ್ಮ ತೋಟದಲ್ಲಿ ಪೂರ್ತಿ ಆಕಾಶ ಕಾಣುವ ಜಾಗ ಅದೊಂದೇ. ನಿಲ್ದಾಣ ತಲೆ ಮೇಲೆ ಹಾದುಹೋಗಲು ಹತ್ತು ನಿಮಿಷ ಸಿಗುತ್ತೆ. ಒಂದು ಸಂಜೆ ನನ್ನ ಹ್ಯಾಮ್ ಗುರುತಾದ ಕಾಲ್‌ಸೈನ್ ಅಲ್ಲಿಂದ ವಾಪಸ್ ಬಂತು. ಮೈ ಝುಂ ಅಂತು. 400 ಕಿಲೋಮೀಟರ್ ಮೇಲಕ್ಕೆ 5 ವಾಟ್ ಸಾಕಾಯಿತು. ಅದೇ ವಾಕಿಟಾಕಿ ಏರಿನ ಆಚೆ ಕಣಿವೆಗೆ, ಎರಡು ಕಿಲೋಮೀಟರಿಗೆ, ಸಾಲದು. ಅಂದಿನಿಂದ ಶಕ್ತಿ ಜಾಸ್ತಿ ಮಾಡುವ ಯೋಚನೆ ಬಿಟ್ಟೆ, ಎತ್ತರದ ಹಿಂದೆ ಬಿದ್ದೆ. ಹ್ಯಾಮ್ ಹವ್ಯಾಸಿಗಳಿಗಾಗಿ 2005ರಲ್ಲಿ ಇಸ್ರೋ ಹಾರಿಸಿದ ಉಪಗ್ರಹ ಹ್ಯಾಮ್‌ಸ್ಯಾಟ್ 2014ರ ತನಕ ಕೆಲಸ ಮಾಡಿತ್ತು. ಅದು ಇದ್ದಾಗ ನನಗೆ ಲೈಸೆನ್ಸ್ ಇರಲಿಲ್ಲವಲ್ಲ ಅಂತ ಇಂದಿಗೂ ಬೇಸರ.

ಭಾಷೆಯದ್ದು ಒಂದು ತೊಡಕು. ಒಂದು ಸಂದೇಶದಲ್ಲಿ ಇನ್ನೂರು ಬೈಟ್ ಆಸುಪಾಸು ಹಿಡಿಯುತ್ತೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಅದಕ್ಕೆ ಗುಣಿತ, ಒತ್ತು ಸೇರಿದರೆ ಆರು, ಒಂಬತ್ತು. ಎರಡು ಸಾಲು ಬರೆಯುವಷ್ಟರಲ್ಲಿ ಜಾಗ ಖಾಲಿ. ನಮ್ಮ ಹುಡುಗರು ಕನ್ನಡದಲ್ಲೇ ಬರೆಯಬೇಕು ಅಂತ ನನ್ನ ಹಟ, ಗಾಬರಿಯಲ್ಲಿ ಕೈಗೆ ಬರುವುದು ಅದೇ. ಅದಕ್ಕೆ ಮೊದಲು ಅಂಕಿ, ಆಮೇಲೆ ಮಾತು ಅಂತ ಮಾಡಿದೆ. 2 ಅಂದರೆ ದೊಡ್ಡ ಬಂಡೆ ಹತ್ತಿರ, 3 ತುದಿ, 7 ಗಾಯ ಆದರೆ ನಡೆಯುತ್ತಾರೆ, 8 ನಡೆಯಲು ಆಗಲ್ಲ, 9 ಆನೆ. ಅಂಕಿಗಳ ಚೀಟಿ ಲ್ಯಾಮಿನೇಟ್ ಮಾಡಿ ಡಬ್ಬಿಯ ಬೆನ್ನಿಗೆ ಅಂಟಿಸಿದ್ದೇನೆ. ಮನೆಯ ಕಡೆ ಡಬ್ಬಿಗೆ ಬಜರ್ ಜೋಡಿಸಿ ಅಡುಗೆಮನೆಯಲ್ಲಿ ಇಟ್ಟಿದ್ದೇವೆ. ಮನೆಯಲ್ಲಿ ಯಾವಾಗಲೂ ಒಬ್ಬರಾದರೂ ಇರುವ ಜಾಗ ಅದು. ಕರೆಂಟ್ ಹೋದರೂ ಇನ್ವರ್ಟರ್ ನಡೆಸುತ್ತೆ.

ಹೋದ ಚಳಿಗಾಲದಲ್ಲಿ ಆ ಬಜರ್ ಕೂಗಿತು. ಮನೆಯವಳು ಕಡುಬಿನ ಹಿಟ್ಟು ಉಂಡೆ ಕಟ್ಟುತ್ತಿದ್ದಳು. "ರೀ, ಎಂಟು ಬಂದಿದೆ" ಅಂತ ಕೂಗಿದಳು. ಹೋಗಿ ನೋಡಿದೆ. "8. ಬಲಗಾಲು. ಶೋಲಾ ಮೇಲಿನ ತಿರುವು. ನಾಲ್ಕು ಜನ ಕಳಿಸಿ ಅಣ್ಣ." ಜೊತೆಗೆ ಜಿಪಿಎಸ್ ಜಾಗ. ಬೆಂಗಳೂರಿನ ಅತಿಥಿಯೊಬ್ಬರು ಇಳಿಯುವಾಗ ಬೇರು ಎಡವಿದ್ದರು. ತುದಿ 1,748 ಮೀಟರ್. ಆ ತಿರುವಿನಲ್ಲಿ ಯಾವ ಫೋನಿನಲ್ಲೂ ಸಿಗ್ನಲ್ ಕಡ್ಡಿ ಇರಲ್ಲ. "ಜೀಪು ಹೊರಟಿತು. ಅಲ್ಲೇ ಇರಿ. ಬೆಚ್ಚಗಿಡಿ" ಅಂತ ಬರೆದೆ. ಇಪ್ಪತ್ತು ಸೆಕೆಂಡಿನಲ್ಲಿ ತಲುಪಿದ ಗುರುತು ಬಂತು. ಮೊದಲಾಗಿದ್ದರೆ ಒಬ್ಬ ಹುಡುಗ ಓಡೋಡಿ ಕೆಳಗೆ ಬರಬೇಕಿತ್ತು, ಎರಡು ಗಂಟೆ ಅಲ್ಲೇ ಹೋಗುತ್ತಿತ್ತು. ಅಂದು ಕತ್ತಲಾಗುವ ಮೊದಲು ಅವರನ್ನು ಇಳಿಸಿ ನಾಪೋಕ್ಲಿನ ಆಸ್ಪತ್ರೆಗೆ ಸೇರಿಸಿದೆವು. ಕಣಕಾಲಿನ ಮೂಳೆ ಬಿರುಕು ಬಿಟ್ಟಿತ್ತು. ಮೇಲೆ ಕಾಯುತ್ತಿದ್ದಾಗ ಸಹಾಯ ಬರುತ್ತಿದೆ ಅಂತ ಗೊತ್ತಾದದ್ದೇ ಅರ್ಧ ನೋವು ಇಳಿಸಿತು ಅಂತ ಅವರು ಆಮೇಲೆ ಹೇಳಿದರು. ಏಣಿ ಹೊತ್ತವರಲ್ಲಿ ಮಾವನ ಮಗನೂ ಇದ್ದ. ಮರುದಿನ ಬೆಳಿಗ್ಗೆಯೇ ಮಾವ ಫೋನ್ ಮಾಡಿ "ನನ್ನ ಬಾಣೆಯಲ್ಲಿ ಇಡೋದು ಯಾವಾಗ?" ಅಂದರು. ಆಗ ಆ ಎರಡನೇ ಡಬ್ಬಿ ಬೇರೆ ಕಡೆ ಒಂದು ಬಿದಿರಿನ ಮೇಲೆ ಇತ್ತು. ಆ ವಾರವೇ ಕಿತ್ತು ತಂದು ಅಲ್ಲಿಟ್ಟೆ.

2018ರ ಆಗಸ್ಟ್ ನೆನಪಿದ್ದವರಿಗೆ ನಾನು ಇದನ್ನು ಬರೀ ಚಾರಣಕ್ಕೆ ಅಂತ ಮಾಡುತ್ತಿಲ್ಲ ಅನ್ನೋದು ಅರ್ಥವಾಗುತ್ತೆ. ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಮನೆಯವರು ಬದುಕಿದ್ದಾರಾ ಅಂತ ತಿಳಿಯಲು ಜನ ಪಟ್ಟ ಪಾಡು ನೋಡಿದ್ದೇನೆ.

ಇನ್ನೊಂದು ಪ್ರಯೋಗ ನಡೆಯುತ್ತಿದೆ. ಕೊಡಗಿನಲ್ಲಿ ಪ್ರತಿ ತೋಟದವನೂ ಮಳೆ ಇಂಚಿನಲ್ಲಿ ಬರೆದಿಡುತ್ತಾನೆ. ತೊಟ್ಟಿಲ ಹಾಗೆ ಆಚೀಚೆ ವಾಲುವ ಮಳೆಮಾಪಕ ತಂದು ಮೂರನೇ ಡಬ್ಬಿಗೆ ಸಿಕ್ಕಿಸಿದೆ. ಬೆಟ್ಟದ ಮೇಲೆ ಒಂದು ಗಂಟೆಯಲ್ಲಿ ಎಷ್ಟು ಸುರಿಯಿತು ಅಂತ ಕೆಳಗೆ ತಿಳಿದರೆ ತೊರೆ ದಾಟಬೇಕೋ ಬೇಡವೋ ನಿರ್ಧರಿಸಬಹುದು. ಎಲೆ ಬಿದ್ದು ಕಟ್ಟಿಕೊಳ್ಳುತ್ತೆ, ಲೆಕ್ಕ ಇನ್ನೂ ನಂಬುವ ಹಾಗಿಲ್ಲ.

ದುಡ್ಡು ಕೇಳುತ್ತೀರಿ. ನೆನಪಿನಿಂದ ಹೇಳುತ್ತೇನೆ. ಎನ್‌ಆರ್‌ಎಫ್ ಬೋರ್ಡು ಒಂದಕ್ಕೆ ಮೂರೂವರೆಯಿಂದ ನಾಲ್ಕು ಸಾವಿರ. ಒಳ್ಳೆ ಆಂಟೆನಾ ಸಾವಿರದ ಮೇಲೆ. ಸೆಲ್, ಸೋಲಾರ್ ಹಲಗೆ, ಡಬ್ಬಿ, ಕ್ಲಾಂಪು ಸೇರಿ ಎರಡು ಸಾವಿರ. ಮೂರು ಕಾಯಂ ಡಬ್ಬಿ, ಎರಡು ಕೈಯಲ್ಲಿ ಒಯ್ಯುವವು, ಮನೆಯದ್ದು, ಹಾಳಾದದ್ದು ಎಲ್ಲ ಸೇರಿ ನಲವತ್ತು ಸಾವಿರದ ಹತ್ತಿರ ಹೋಗಿದೆ. ಅದರಲ್ಲಿ ಎಂಟು ಒಂಬತ್ತು ಸಾವಿರ ಕಲಿಯುವುದಕ್ಕೆ ಸುರಿದದ್ದು. ತಿಂಗಳ ಬಾಡಿಗೆ ಇಲ್ಲ. ಉಪಗ್ರಹ ಸಾಧನ ಎಲ್ಲಿಗೆ ಹೋದರೂ ಕೆಲಸ ಮಾಡುತ್ತೆ, ಇದು ನಾನು ಡಬ್ಬಿ ಇಟ್ಟ ಬೆಟ್ಟದಲ್ಲಿ ಮಾತ್ರ. ಆ ವ್ಯತ್ಯಾಸ ದೊಡ್ಡದು, ಅತಿಥಿಗಳಿಗೆ ಹೊರಡುವ ಮೊದಲೇ ಹೇಳುತ್ತೇನೆ.

ಚೇಲಾವರ, ಚೆಯ್ಯಂಡಾಣೆ ಕಡೆಯ ಮಗ್ಗುಲು ಇನ್ನೂ ಕುರುಡು, ಅಲ್ಲಿಂದ ಸಂದೇಶ ಬರಲ್ಲ. ಅಲ್ಲಿ ಎತ್ತರದ ಬಾಣೆ ಇರುವವರು, ಸುತ್ತ ಮರ ಕಡಿಮೆ ಇದ್ದು ಈ ಕಡೆಯ ಬೆಟ್ಟ ಕಾಣುವ ಜಾಗ ಇದ್ದರೆ, ತಿಳಿಸಿ. ಡಬ್ಬಿ ನಾನು ತರುತ್ತೇನೆ, ಏಣಿ ನಿಮ್ಮದು. ಮಳೆ ಹಿಡಿಯುವ ಮೊದಲೇ ಆಗಬೇಕು.