ಉಪ್ಪಿನ ಪ್ಯಾಕೆಟ್ ಮೇಲೆ ತಾರೀಖು ಬರೆಯಿರಿ

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ರವಿಕೆ, ಚೂಡಿದಾರ್, ಸ್ಕೂಲ್ ಯೂನಿಫಾರಂ ಹೊಲಿಯುತ್ತಿದ್ದೇನೆ. ಬಂದವರ ಅಳತೆಯನ್ನೆಲ್ಲ ಉದ್ದನೆಯ ಪುಸ್ತಕದಲ್ಲಿ ಬರೆದಿಡುವುದು ರೂಢಿ. ನಾಲ್ಕು ವರ್ಷದ ಹಿಂದೆ ಗೌರಿ ಹಬ್ಬದ ಮುಂಚೆ ಹಳೆಯ ಪುಸ್ತಕ ತಿರುವಿ ಹಾಕುತ್ತಿದ್ದೆ. ಹತ್ತು ವರ್ಷದಿಂದ ಬರುತ್ತಿರುವ ಎಷ್ಟೋ ಹೆಂಗಸರ ಸೊಂಟದ ಅಳತೆ ಮೂರು ನಾಲ್ಕು ಇಂಚು ಏರಿತ್ತು. ಭುಜ ಅಷ್ಟೇ ಇದೆ, ತೋಳು ಅಷ್ಟೇ ಇದೆ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ನನ್ನದನ್ನೂ ಅಳೆದುಕೊಂಡೆ. 36 ಇಂಚು.

ಅದೇ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಬರಿಹೊಟ್ಟೆಯ ಸಕ್ಕರೆ 114, ಹಿಮೋಗ್ಲೋಬಿನ್ 9.4. ಬರಿಹೊಟ್ಟೆಯಲ್ಲಿ ಸಕ್ಕರೆ 100ಕ್ಕಿಂತ ಕಡಿಮೆ ಇರಬೇಕು. 126 ಮುಟ್ಟಿದರೆ ಸಕ್ಕರೆ ಕಾಯಿಲೆ ಎಂದು ಲೆಕ್ಕ. ನಾನು ನಡುವೆ ನಿಂತಿದ್ದೆ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಆದರೂ ಇರಬೇಕು, ನನಗೆ ಅದೂ ಇರಲಿಲ್ಲ. ಹೊಟ್ಟೆ ತುಂಬ ಉಣ್ಣುವವಳಿಗೆ ರಕ್ತ ಕಡಿಮೆ ಹೇಗೆ ಎಂದು ಅವತ್ತು ತುಂಬಾ ಯೋಚನೆಯಾಯಿತು. ಆಮೇಲೆ ಮನೆಯಲ್ಲಿ ಏನೇನು ಬದಲಾಯಿಸಿದೆವು, ಹೇಗೆ ಮಾಡಿದೆವು ಎಂಬುದನ್ನು ನಿಮಗೂ ಹೇಳುತ್ತೇನೆ. ಓಟ್ಸ್, ಕಿನ್ವಾ ಏನನ್ನೂ ಹೊಸದಾಗಿ ತರಲಿಲ್ಲ. ತಟ್ಟೆಯಲ್ಲಿದ್ದುದನ್ನೇ ಅಳೆದು ನೋಡಿದೆವು, ಅಷ್ಟೇ.

ಮೊದಲು ಸೊಂಟ ಅಳೆಯಿರಿ. ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಅಲ್ಲ. ಪಕ್ಕೆಲುಬಿನ ಕೊನೆ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ಮಧ್ಯಕ್ಕೆ ಟೇಪು ಬರಬೇಕು. ಟೇಪು ಮೈಗೆ ತಾಗಲಿ, ಬಿಗಿಯಬೇಡಿ. ಉಸಿರು ಬಿಟ್ಟ ಮೇಲೆ ಓದಿ. ಟೇಪು ಹಿಡಿದ ತಕ್ಷಣ ಹೊಟ್ಟೆ ಒಳಗೆ ಎಳೆದುಕೊಳ್ಳುವವರನ್ನು ದಿನಾ ನೋಡುತ್ತೇನೆ, ಹಾಗೆ ಮಾಡಬೇಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಅಂದರೆ ಮೂವತ್ತೊಂದೂವರೆ ಇಂಚು ದಾಟಬಾರದು. ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚು. ತೆಳ್ಳಗೆ ಕಾಣುವವರೂ ಅಳೆದುಕೊಳ್ಳಿ. ಕೈಕಾಲು ಸಣ್ಣಗಿದ್ದು ಹೊಟ್ಟೆಯಲ್ಲಿ ಮಾತ್ರ ಕೊಬ್ಬು ಕೂತಿರುವುದು ನಮ್ಮಲ್ಲಿ ಜಾಸ್ತಿ.

ಆಮೇಲೆ ಅಡುಗೆಮನೆಗೆ ಬನ್ನಿ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಾವು ನಾಲ್ಕು ಜನ: ನಾನು, ನಮ್ಮನೆಯವರು, ಅತ್ತೆ, ಮಗ. ದಿನಕ್ಕೆ 20 ಗ್ರಾಂ ಆಯಿತು. ಒಂದು ಕೆಜಿ ಪ್ಯಾಕೆಟ್ 50 ದಿನ ಬರಬೇಕು. ಹೊರಗಡೆ ತಿನ್ನುವ ಉಪ್ಪೂ ಲೆಕ್ಕಕ್ಕೆ ಬರುವುದರಿಂದ ಇನ್ನೂ ನಾಲ್ಕು ದಿನ ಜಾಸ್ತಿಯೇ ಬರಬೇಕು. ನಮ್ಮನೆಯಲ್ಲಿ ಅದು 26 ದಿನಕ್ಕೆ ಖಾಲಿ.

ಎಲ್ಲಿ ಹೋಗುತ್ತಿತ್ತು? ಬಸ್ಸಾರು ಮಾಡುವ ದಿನ ಗಮನಿಸಿದೆ. ಕಾಳು ಬೇಯಲು ಇಟ್ಟಾಗ ಒಂದು ಸಲ ಉಪ್ಪು, ಸಾರು ಕುದಿಸುವಾಗ ಇನ್ನೊಂದು ಸಲ, ಪಲ್ಯಕ್ಕೆ ಒಗ್ಗರಣೆ ಹಾಕುವಾಗ ಮತ್ತೊಂದು ಸಲ. ತಟ್ಟೆ ಪಕ್ಕ ಉಪ್ಪಿನಕಾಯಿ, ಮೇಲೊಂದು ಹಪ್ಪಳ. ಈಗ ಕಾಳು ಬೇಯುವಾಗ ಉಪ್ಪು ಹಾಕುವುದಿಲ್ಲ. ಸಾರಿಗೂ ಪಲ್ಯಕ್ಕೂ ಚಮಚದಲ್ಲಿ ಅಳೆದು ಒಂದೊಂದೇ ಸಲ ಹಾಕುತ್ತೇನೆ. ಹುಳಿ ಚೂರು ಮುಂದಿದ್ದರೆ ಉಪ್ಪು ಕಡಿಮೆಯಾದದ್ದು ಗೊತ್ತಾಗುವುದಿಲ್ಲ, ನಿಂಬೆಹಣ್ಣು ಹಿಂಡಿದರೂ ಆಗುತ್ತದೆ. ಮೊದಲ ಹತ್ತು ದಿನ ಸಪ್ಪೆ ಎಂದರು. ಆಮೇಲೆ ನಾಲಗೆ ಒಗ್ಗಿಕೊಂಡಿತು. ಈಗ ಪ್ಯಾಕೆಟ್ 45 ದಿನ ಬರುತ್ತಿದೆ. ಇನ್ನೂ ಐದು ದಿನ ಮುಂದೆ ತಳ್ಳಬೇಕು. ಇಂದುಪ್ಪಿಗೆ ಬದಲಾಯಿಸಿದರೆ ಎಷ್ಟು ತಿಂದರೂ ನಡೆಯುತ್ತದೆ ಎಂದು ಕೆಲವರು ಹೇಳುತ್ತಾರೆ. ಅದೂ ಉಪ್ಪೇ. ಅಯೋಡಿನ್ ಸೇರಿಸಿದ ಮಾಮೂಲಿ ಉಪ್ಪನ್ನೇ ಬಳಸಿ, ಕಡಿಮೆ ಬಳಸಿ.

ಎಣ್ಣೆಗೂ ಇದೇ ತಾರೀಖಿನ ಲೆಕ್ಕ. ತಲೆಗೆ ತಿಂಗಳಿಗೆ ಅರ್ಧ ಲೀಟರ್ ಎಂದು ಇಟ್ಟುಕೊಳ್ಳಿ. ನಮಗೆ ನಾಲ್ಕು ಲೀಟರ್ ಬೇಕಾಗುತ್ತಿತ್ತು, ಈಗ ಎರಡೂವರೆಗೆ ಇಳಿದಿದೆ. ಕ್ಯಾನಿನಿಂದ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚ ಹಿಡಿದದ್ದಕ್ಕೇ ಇಷ್ಟು ವ್ಯತ್ಯಾಸ.

ಸಕ್ಕರೆಯ ಮಾತು ಬಂದರೆ ನಮ್ಮೂರಿನವರಿಗೆ ಕಷ್ಟ. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂದ ಊರು ಇದು. ನನ್ನ ತವರಿನಲ್ಲಿ ಆಲೆಮನೆ ಇತ್ತು. ಕೊಪ್ಪರಿಗೆಯಿಂದ ಬಿಸಿ ಬೆಲ್ಲವನ್ನು ಕಬ್ಬಿನ ಜಲ್ಲೆಗೆ ಸುತ್ತಿಕೊಂಡು ತಿಂದು ಬೆಳೆದವಳು ನಾನು. ಅದಕ್ಕೇ ಈ ಮಾತನ್ನು ಒತ್ತಿ ಹೇಳುತ್ತೇನೆ: ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಂಡರೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬುದು ಸುಳ್ಳು. ಬೆಲ್ಲದಲ್ಲಿ ಒಂದಿಷ್ಟು ಖನಿಜ ಇದೆ, ನಿಜ. ಆದರೆ ಅದರಲ್ಲಿ ಬಹುಪಾಲು ಇರುವುದು ಅದೇ ಕಬ್ಬಿನ ಸಕ್ಕರೆ. ರಕ್ತಕ್ಕೆ ಎರಡೂ ಒಂದೇ. ಎಳ್ಳುಬೆಲ್ಲ, ಹೋಳಿಗೆ ಹಬ್ಬಕ್ಕೆ ಇರಲಿ. ದಿನದ ಟೀಗೆ ಬೆಲ್ಲ ಹಾಕಿಕೊಂಡು ಸಮಾಧಾನ ಪಡಬೇಡಿ.

ಒಬ್ಬರಿಗೆ ದಿನಕ್ಕೆ 25 ಗ್ರಾಂ ಸಕ್ಕರೆಯ ಒಳಗಿದ್ದರೆ ಒಳ್ಳೆಯದು. ಬೆಲ್ಲ, ಬಿಸ್ಕತ್ತು, ಸಿಹಿತಿಂಡಿ ಎಲ್ಲವೂ ಇದರಲ್ಲೇ ಬಂತು. ಒಂದು ಟೀ ಚಮಚ ಸುಮಾರು 5 ಗ್ರಾಂ. ನಾನು ಎರಡು ಚಮಚ ಹಾಕಿ ನಾಲ್ಕು ಟೀ ಕುಡಿಯುತ್ತಿದ್ದೆ. ಅದೊಂದೇ 40 ಗ್ರಾಂ! ಒಮ್ಮೆಲೇ ಬಿಡಲು ಹೋದರೆ ನಾಲ್ಕು ದಿನಕ್ಕೆ ಮತ್ತೆ ಶುರುವಾಗುತ್ತದೆ. ಹದಿನೈದು ದಿನಕ್ಕೆ ಅರ್ಧ ಚಮಚ ಇಳಿಸುತ್ತಾ ಬನ್ನಿ. ನನಗೆ ಎರಡರಿಂದ ಅರ್ಧಕ್ಕೆ ಬರಲು ಒಂದೂವರೆ ತಿಂಗಳು ಹಿಡಿಯಿತು. ಟೀಯನ್ನೂ ಎರಡಕ್ಕೆ ಇಳಿಸಿದೆ.

ಈಗ ಮುದ್ದೆಯ ವಿಷಯ. ರಾಗಿ ಬಗ್ಗೆ ನನಗೆ ತುಂಬಾ ಅಭಿಮಾನ. ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಮಾಡಿದರು. ಅತ್ತೆ ಈಗಲೂ ಇಂಡಾಫ್ ಎಂದೇ ಕೇಳಿ ರಾಗಿ ತರಿಸುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶ 350 ಮಿಲಿಗ್ರಾಂ ಆಸುಪಾಸು ಇದೆ. ಅಕ್ಕಿ ಇದರ ಹತ್ತಿರಕ್ಕೂ ಬರುವುದಿಲ್ಲ. ಹಿಟ್ಟು ಮಾಡಿಸಿದ ಮೇಲೆ ತೀರಾ ಸಣ್ಣ ಜರಡಿಯಲ್ಲಿ ಸೋಸಬೇಡಿ, ತೌಡು ಹೋದರೆ ನಾರೂ ಹೋಗುತ್ತದೆ.

ಆದರೆ ರಾಗಿಯೂ ಒಂದು ಧಾನ್ಯ. ಅದರಲ್ಲೂ ಹೆಚ್ಚಿನ ಭಾಗ ಪಿಷ್ಟವೇ. ಮುದ್ದೆ ಎಷ್ಟು ಉಂಡರೂ ಸಕ್ಕರೆ ಏರಲ್ಲ ಎಂದು ನಂಬಿದವರು ನಮ್ಮ ಬೀದಿಯಲ್ಲೇ ಎಷ್ಟು ಜನ! ನಮ್ಮನೆಯವರು ರಾತ್ರಿ ಎರಡು ಮುದ್ದೆ ಉಂಡು, ಮೇಲೆ ಅನ್ನವನ್ನೂ ಬಡಿಸಿಕೊಳ್ಳುತ್ತಿದ್ದರು. ಒಂದು ದಿನ ತೂಕ ಹಾಕಿದೆ. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿಯುತ್ತಿತ್ತು. ಅಂದರೆ ರಾತ್ರಿ ಊಟಕ್ಕೇ 200 ಗ್ರಾಂ, ಅನ್ನ ಬೇರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಆಹಾರದ ಮಾರ್ಗಸೂಚಿ ಹೊರಡಿಸಿದೆ. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಧಾನ್ಯ 250 ಗ್ರಾಂ, ಕಾಳು, ಬೇಳೆ, ಮೊಟ್ಟೆ, ಮಾಂಸ ಸೇರಿ 85 ಗ್ರಾಂ, ಸೊಪ್ಪು ತರಕಾರಿ 400 ಗ್ರಾಂ ಎಂದು ಅದರಲ್ಲಿದೆ. ನಮ್ಮ ತಟ್ಟೆ ತಲೆಕೆಳಗಾಗಿತ್ತು. ನಾಲ್ಕು ಜನರ ಬಸ್ಸಾರಿಗೆ ನಾನು ಹಾಕುತ್ತಿದ್ದ ಕಾಳು 100 ಗ್ರಾಂ. ಸೊಪ್ಪು ಎರಡು ಕಟ್ಟು. ಪಲ್ಯ ತಟ್ಟೆಯ ಮೂಲೆಯಲ್ಲಿ ಒಂದು ಚಮಚ.

ಹಾಗಾಗಿ ಹೀಗೆ ಮಾಡಿ. ಕಾಲು ಕೆಜಿ ಕಾಳು ರಾತ್ರಿಯೇ ನೆನೆಸಿ. ಅಲಸಂದೆ, ಹೆಸರುಕಾಳು, ಹುರುಳಿ, ಕಾಲಕ್ಕೆ ತಕ್ಕ ಹಾಗೆ ಅವರೆ, ದಿನಕ್ಕೊಂದು. ಬೆಳಿಗ್ಗೆ ಬೇಯಲು ಇಡಿ. ಮುಕ್ಕಾಲು ಬೆಂದ ಮೇಲೆ ನಾಲ್ಕೈದು ಕಟ್ಟು ಸೊಪ್ಪು ಹಾಕಿ. ದಂಟು, ಸಬ್ಬಸಿಗೆ, ಕೀರೆ, ಯಾವುದಾದರೂ ಆಗಬಹುದು. ಸೊಪ್ಪನ್ನು ಹೆಚ್ಚುವ ಮುಂಚೆ ತೊಳೆಯಿರಿ, ಹೆಚ್ಚಿದ ಮೇಲೆ ಅಲ್ಲ. ಬೆಂದ ನೀರು ಬಸಿದು ಅದನ್ನೇ ಸಾರು ಮಾಡುತ್ತೇವಲ್ಲ, ಅದೇ ಬಸ್ಸಾರಿನ ದೊಡ್ಡ ಗುಣ. ನೀರಿಗೆ ಇಳಿದ ಸತ್ವ ಚರಂಡಿಗೆ ಹೋಗುವುದಿಲ್ಲ. ಉಳಿದ ಕಾಳು ಸೊಪ್ಪಿಗೆ ಎರಡು ಚಮಚ ಎಣ್ಣೆಯ ಒಗ್ಗರಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಒಂದು ಹಿಡಿ ಕಾಯಿತುರಿ. ಬಡಿಸುವಾಗ ಮೊದಲು ಪಲ್ಯವನ್ನು ಬಟ್ಟಲು ತುಂಬ ಹಾಕಿ. ಅದನ್ನು ಅರ್ಧ ತಿಂದ ಮೇಲೆ ಮುದ್ದೆ ಇಡಿ. ಮುದ್ದೆ 70 ಗ್ರಾಂ ಹಿಟ್ಟಿನದು, ಒಂದೇ. ಅನ್ನ ಬೇಕೇ ಬೇಕು ಎನ್ನುವವರಿಗೆ ಒಂದು ಸೌಟು. ಹೊಲದಲ್ಲಿ ಇಡೀ ದಿನ ದುಡಿಯುವವರಿಗೆ ಈ ಅಳತೆ ಸಾಲದು, ಅವರಿಗೆ ದೊಡ್ಡ ಮುದ್ದೆಯೇ ಬೇಕು. ನಾನು ಹೇಳುತ್ತಿರುವುದು ನಮ್ಮಂತೆ ಕೂತು ಕೆಲಸ ಮಾಡುವವರಿಗೆ.

ಬೆರಕೆ ಸೊಪ್ಪಿನ ಬಗ್ಗೆಯೂ ಒಂದು ಮಾತು. ಅಣ್ಣೆ, ಗಣಿಕೆ, ಹೊನಗೊನ್ನೆ ಎಲ್ಲ ಸೇರಿಸಿ ಅತ್ತೆ ಮಾಡುವ ಮಸ್ಸೊಪ್ಪಿಗೆ ಸಾಟಿಯಿಲ್ಲ. ಆದರೆ ಈಗ ಗದ್ದೆ ಬದುವಿಗೆಲ್ಲ ಕಳೆನಾಶಕ ಹೊಡೆಯುತ್ತಾರೆ. ಹೊಲದವರನ್ನು ಕೇಳದೆ ಕೀಳಬೇಡಿ.

ರಕ್ತ ಕಡಿಮೆ ಇದ್ದದ್ದಕ್ಕೆ ಡಾಕ್ಟರ್ ಕಬ್ಬಿಣದ ಮಾತ್ರೆ ಕೊಟ್ಟರು. ಅದನ್ನು ಪೂರ್ತಿ ತೆಗೆದುಕೊಂಡೆ, ನೀವೂ ನಡುವೆ ಬಿಡಬೇಡಿ. ಜೊತೆಗೆ ಎರಡು ಅಭ್ಯಾಸ ಬದಲಾಯಿಸಿದೆ. ಊಟವಾದ ತಕ್ಷಣ ಟೀ ಕುಡಿಯುತ್ತಿದ್ದೆ. ಕಾಳು ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ಟೀ, ಕಾಫಿ ತಡೆಯುತ್ತವೆ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ನಂತರ ಎರಡೂ ಬೇಡ. ಇನ್ನೊಂದು, ಪಲ್ಯದ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುವುದು, ಅಥವಾ ಊಟದ ಜೊತೆ ಸೀಬೆಹಣ್ಣು. ಅದರ ಸಿ ವಿಟಮಿನ್ ಕಬ್ಬಿಣವನ್ನು ಚೆನ್ನಾಗಿ ಹೀರಿಕೊಳ್ಳಲು ನೆರವಾಗುತ್ತದೆ. ಐದು ತಿಂಗಳಲ್ಲಿ 11.8ಕ್ಕೆ ಬಂತು. ಮಧ್ಯಾಹ್ನ ಮೂರು ಗಂಟೆಗೆ ಬರುತ್ತಿದ್ದ ತಲೆಸುತ್ತು ನಿಂತಿತು.

ಮೊದಲು ನನ್ನದು ಕಾಲಿನಲ್ಲಿ ತುಳಿಯುವ ಮಿಷನ್. ಮೋಟಾರ್ ಹಾಕಿಸಿದ ಮೇಲೆ ಕಾಲು ಅಲ್ಲಾಡುವುದೇ ನಿಂತುಹೋಯಿತು. ಬೆಳಿಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಕೂತಲ್ಲೇ. ಅದಕ್ಕೆ ಕತ್ತರಿಸುವ ಮೇಜು, ದಾರದ ಡಬ್ಬಿ, ಇಸ್ತ್ರಿಪೆಟ್ಟಿಗೆ ಮೂರನ್ನೂ ಒಳಗಿನ ಕೋಣೆಗೆ ಹಾಕಿದೆ. ಈಗ ಅರ್ಧ ಗಂಟೆಗೊಮ್ಮೆ ಏಳಲೇಬೇಕು. ನಿಮ್ಮ ಕೆಲಸದಲ್ಲೂ ದಿನಾ ಬೇಕಾಗುವ ಒಂದು ವಸ್ತುವನ್ನು ದೂರ ಇಡಿ. ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಹದಿನೈದು ನಿಮಿಷ ಬೀದಿಯಲ್ಲಿ ನಡೆಯುತ್ತೇವೆ, ಊಟದ ನಂತರ ಸಕ್ಕರೆ ಏರುವುದಕ್ಕೆ ಇದು ಒಳ್ಳೆಯ ಕಡಿವಾಣ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಬೇಕು ಎನ್ನುತ್ತಾರೆ. ಬೆಳಿಗ್ಗೆ ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಹೋಗಿ ಐದು ದಿನ ಅರ್ಧರ್ಧ ಗಂಟೆ ನಡೆದರೆ ಅದು ಮುಗಿಯಿತು.

ನಿದ್ದೆ ಒಂದರಲ್ಲಿ ನಾನಿನ್ನೂ ಸರಿಹೋಗಿಲ್ಲ. ಮದುವೆ ಕಾಲದಲ್ಲಿ ರಾತ್ರಿ ಒಂದರವರೆಗೂ ಹೊಲಿಗೆ ಇರುತ್ತದೆ. ಮಾರನೇ ದಿನ ಸಿಹಿ ತಿನ್ನಬೇಕೆನಿಸುವುದು ಅದರಿಂದಲೇ ಎಂದು ಈಗ ಅರ್ಥವಾಗಿದೆ. ಈ ವರ್ಷ ಹತ್ತೂವರೆಯ ಮೇಲೆ ಮಿಷನ್ ಮುಟ್ಟುವುದಿಲ್ಲ ಎಂದು ಗಿರಾಕಿಗಳಿಗೆ ಮೊದಲೇ ಹೇಳಿದ್ದೇನೆ.

ಈಗ ನನ್ನ ಸೊಂಟ 33 ಇಂಚು, ಬರಿಹೊಟ್ಟೆಯ ಸಕ್ಕರೆ 97. ಆದರೆ ಎಲ್ಲರೂ ನನ್ನಂತೆಯೇ ಮಾಡಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮುದ್ದೆ, ಅನ್ನವನ್ನು ಒಮ್ಮೆಲೇ ಇಳಿಸಿದರೆ ಸಕ್ಕರೆ ತೀರಾ ಕೆಳಗೆ ಹೋಗಬಹುದು. ಮೂತ್ರಪಿಂಡದ ತೊಂದರೆ ಇರುವವರಿಗೆ ಕಾಳು, ಸೊಪ್ಪು ಜಾಸ್ತಿ ಮಾಡುವುದು ಒಗ್ಗದಿರಬಹುದು. ಇವರೆಲ್ಲ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಹೋಗುವಾಗ ಒಂದು ಹಾಳೆಯಲ್ಲಿ ಸೊಂಟದ ಅಳತೆ, ಉಪ್ಪು, ಎಣ್ಣೆ, ಸಕ್ಕರೆ ಎಷ್ಟು ದಿನ ಬಂತು, ದಿನಕ್ಕೆ ಎಷ್ಟು ಮುದ್ದೆ, ಎಷ್ಟು ಟೀ ಎಂದು ಬರೆದುಕೊಂಡು ಹೋಗಿ. ನಾನು ಹಾಗೆ ಕೊಟ್ಟಾಗ ಡಾಕ್ಟರ್ ಅದನ್ನು ಎರಡು ಸಲ ಓದಿ, ನನ್ನ ಫೈಲಿನಲ್ಲಿ ಪಿನ್ ಹಾಕಿ ಇಟ್ಟುಕೊಂಡರು.